ಒಂದೇ ಒಲೆಯ ಹಡಗು

ಬಹಳ ಹಿಂದೆ, ಮೀನುಗಳಿಗೂ ಹಕ್ಕಿಗಳಿಗೂ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಅಲೆಗೇರಿ ಎಂಬ ರಾಜ್ಯವಿತ್ತು. ಮೂರು ದಿಕ್ಕಿಗೆ ಕಡಲು, ಒಂದು ದಿಕ್ಕಿಗೆ ಮರಳು. ಅಲ್ಲಿ ಎಲ್ಲವೂ ಇತ್ತು, ಗಾಳಿಯೊಂದಿರಲಿಲ್ಲ. ತೆಂಗಿನ ಗರಿ ಅಲ್ಲಾಡುತ್ತಿರಲಿಲ್ಲ. ಒಗೆದ ಬಟ್ಟೆ ಬೇಗ ಒಣಗುತ್ತಿರಲಿಲ್ಲ. ಗಾಳಿಪಟ ಎಂದರೆ ಏನೆಂದು ಹಲ್ಲುದುರಿದ ಮುದುಕರು ಮಾತ್ರ ಬಲ್ಲರು.

ಇದಕ್ಕೆಲ್ಲ ಕಾರಣ ಗಂಟುಗಡ್ಡನೆಂಬ ಮಾಂತ್ರಿಕ. ಅವನು ಕಡಲ ನಡುವಿನ ಕರಿಗಲ್ಲಿನ ದ್ವೀಪದಲ್ಲಿ ಒಬ್ಬನೇ ಕೂತು, ಹಾದುಹೋಗುವ ಗಾಳಿಯನ್ನೆಲ್ಲ ಹಿಡಿದು ತನ್ನ ಗಡ್ಡದಲ್ಲಿ ಗಂಟು ಹಾಕಿಕೊಳ್ಳುತ್ತಿದ್ದ. ಮೂಡುಗಾಳಿಗೊಂದು ಗಂಟು, ಪಡುಗಾಳಿಗೊಂದು ಗಂಟು, ಸುಂಟರಗಾಳಿಗೆ ಗಲ್ಲದ ಹತ್ತಿರ ಬಿಗಿಯಾದ ಗಂಟು. ತನ್ನನ್ನು ದಾಟಿಕೊಂಡು ಯಾರೂ ಎಲ್ಲಿಗೂ ಹೋಗಬಾರದು, ಇದ್ದವರು ಇದ್ದಲ್ಲೇ ಇರಬೇಕು, ಅದು ಅವನ ಹಟ.

ಅದೇ ರಾಜ್ಯದಲ್ಲಿ ಅಂಗಾರನೆಂಬ ಜವ್ವನಿಗನಿದ್ದ. ಇದ್ದಲ್ಲಿ ಇರುವುದೊಂದು ಬಿಟ್ಟು ಬೇರೆಲ್ಲ ಕೆಲಸ ಅವನಿಗೆ ಬರುತ್ತಿತ್ತು. ಅಕ್ಷರ ಕಲಿಯಲು ಅಯ್ಯನವರ ಮಠಕ್ಕೆ ಕಳಿಸಿದರೆ ಕಿಟಕಿಯಿಂದ ಹಾರಿ ಓಡಿದವನು, ಮತ್ತೆ ಅತ್ತ ತಲೆ ಹಾಕಲಿಲ್ಲ. ಉಪ್ಪಿನ ಮೂಟೆ ಹೊತ್ತ, ಅರಮನೆಯ ಕುದುರೆಗಳಿಗೆ ಹುಲ್ಲು ಹಾಕಿದ, ಆಟದ ಮೇಳದವರ ಪೆಟ್ಟಿಗೆ ಹೊತ್ತುಕೊಂಡು ಊರೂರು ಅಲೆದ. ಒಂದೂರಲ್ಲಿ ಬಿಟ್ಟ ಚಪ್ಪಲಿ ಮೂರನೇ ಊರಲ್ಲಿ ನೆನಪಾಗುತ್ತಿತ್ತು. ತಾಯಿ ತೀರಿಹೋದ ಮೇಲೆ ಹಿಂತಿರುಗಿ ಬರಲು ಮನೆಯೂ ಉಳಿಯಲಿಲ್ಲ.

ತಿರುಗುವುದು ಅವನಿಗೆ ಬೇಕಿತ್ತು. ಒಬ್ಬನೇ ತಿರುಗುವುದು ಮಾತ್ರ ಸಾಕಾಗಿತ್ತು. ಯಾರದೋ ಜಗಲಿಯಲ್ಲಿ ಮಲಗಿದ್ದ ಒಂದು ಮಧ್ಯಾಹ್ನ ಅವನಿಗೆ ದೊಡ್ಡದೊಂದು ಕನಸು ಹತ್ತಿಕೊಂಡಿತು. ಊರನ್ನು ಬಿಟ್ಟು ಹೋಗುವ ಬದಲು ಊರನ್ನೇ ಜೊತೆಗೆ ಕರೆದುಕೊಂಡು ಹೋದರೆ ಹೇಗೆ? ದೊಡ್ಡದೊಂದು ಹಾಯಿಹಡಗು. ಅದರಲ್ಲಿ ತೊಟ್ಟಿಲು, ಕೋಳಿಗೂಡು, ಬಸಳೆಯ ಚಪ್ಪರ. ಯಾರು ಹಿಡಿದ ಮೀನಾದರೂ ಎಲ್ಲರ ಮೀನು. ಎಲ್ಲರಿಗೂ ಒಂದೇ ಒಲೆ, ಒಂದೇ ಅಡುಗೆ.

ಅವನು ಇದನ್ನು ಹೇಳಿದಾಗ ನಗದವರು ಪಾಪಿಗಳು. ಆದರೆ ಅಲೆಗೇರಿಯ ಅರಸ ಮೊದಲು ನಕ್ಕು, ಆಮೇಲೆ ಯೋಚಿಸಿದ. ಅವನ ಅಜ್ಜ ಕಟ್ಟಿಸಿದ್ದ ಯುದ್ಧದ ಹಡಗೊಂದು ಗಾಳಿಯಿಲ್ಲದೆ ದಡದಲ್ಲೇ ಮಲಗಿತ್ತು. ಅದರಲ್ಲಿ ಈಗ ಕೋಳಿಗಳು ಮೊಟ್ಟೆಯಿಡುವುದು ಬಿಟ್ಟರೆ ಬೇರೆ ಕಾರುಬಾರಿಲ್ಲ, ಬೇಕಾದರೆ ತೆಗೆದುಕೋ ಎಂದ. ಕೋಳಿಗಳನ್ನೂ ಕೊಟ್ಟ.

ಮೊದಲು ಬಂದು ಸೇರಿದವನು ಬಡಗಿ ವಾಮಯ್ಯ ಆಚಾರಿ. ಒಳ್ಳೆಯ ಹಲಗೆ ಹಾಳಾಗುವುದನ್ನು ನೋಡಲಾರೆ ಎಂಬುದಷ್ಟೇ ಅವನ ಕಾರಣ. ಆಮೇಲೆ ಬಂದವಳು ದ್ಯಾವಕ್ಕ, ಛತ್ರದಲ್ಲಿ ಅಡುಗೆ ಮಾಡಿ ಮಾಡಿ ದಾರಿಹೋಕರ ಕತೆ ಕೇಳಿ ಕೇಳಿ, ತಾನೂ ಒಮ್ಮೆ ದಾರಿಹೋಕಳಾಗಬೇಕೆಂದು ಹೊರಟವಳು. ನೇಕಾರರ ಮನೆಯ ಹೊನ್ನಿ ಬಂದದ್ದು ಹಾಯಿ ನೇಯಲಿಕ್ಕೆ. ನೇಯ್ದು ಮುಗಿದ ಮೇಲೂ ಅವಳು ಮನೆಗೆ ಹೋಗಲಿಲ್ಲ. ಯಾಕೆಂದು ಅಂಗಾರ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವರ ಹಿಂದೆ ಮೀನುಗಾರರು, ಮಡಕೆಯವರು, ಹೊಸದಾಗಿ ಮದುವೆಯಾದವರು, ಸೊಸೆಯೊಡನೆ ಮುನಿದ ಅತ್ತೆ, ಅವಳ ಹಿಂದೆಯೇ ಆ ಸೊಸೆ, ಹೀಗೆ ಹಡಗು ತುಂಬಿತು.

ಹಾಯಿ ಏರಿಸಿದರು. ಅದು ಒದ್ದೆ ಪಂಚೆಯ ಹಾಗೆ ಜೋತುಬಿತ್ತು.

ಅಂಗಾರ ಸಣ್ಣ ದೋಣಿಯಲ್ಲಿ ಕರಿಗಲ್ಲಿನ ದ್ವೀಪಕ್ಕೆ ಹೋಗಿ ಗಂಟುಗಡ್ಡನಿಗೆ ಕೈಮುಗಿದು, ತಮಗೊಂದು ಗಾಳಿ ಬಿಟ್ಟುಕೊಡಬೇಕೆಂದು ಕೇಳಿಕೊಂಡ. ಗಂಟುಗಡ್ಡ ನಕ್ಕ ನಗೆಗೆ ಗಡ್ಡದೊಳಗಿನ ಗಾಳಿಗಳು ಗುಂಯ್ ಎಂದವು.

"ಬಾವಿಯ ಹಗ್ಗಕ್ಕೆ ಹೊಡೆದಾಡುವ ಜನ ಒಂದೇ ಹಲಗೆಯ ಮೇಲೆ ಬಾಳುತ್ತಾರೇನೋ? ಹುಟ್ಟು ಹಾಕಿಕೊಂಡು ಇಲ್ಲಿಯವರೆಗೆ ಬನ್ನಿ ನೋಡೋಣ. ದಾರಿಯಲ್ಲಿ ನನ್ನ ಮೂರು ಕಾವಲುಂಟು. ಮೂರನ್ನೂ ದಾಟಿದರೆ ಗಾಳಿ ಕೊಡುತ್ತೇನೆ. ದಾಟದಿದ್ದರೆ ನಿನ್ನ ಹಡಗು ಬಂಡೆಯಾಗುತ್ತದೆ, ನೀವೆಲ್ಲ ಅದಕ್ಕಂಟಿದ ಚಿಪ್ಪುಗಳಾಗುತ್ತೀರಿ."

ಅಂಗಾರ ಇದನ್ನು ಹಡಗಿನವರಿಗೆ ಮುಚ್ಚುಮರೆಯಿಲ್ಲದೆ ಹೇಳಿದ. ಇಳಿಯುವವರು ಈಗಲೇ ಇಳಿಯಬಹುದು ಎಂದ. ಯಾರೂ ಇಳಿಯಲಿಲ್ಲ. ಚಿಪ್ಪಾದರೂ ಒಟ್ಟಿಗೇ ಇರುತ್ತೇವಲ್ಲ ಎಂದು ದ್ಯಾವಕ್ಕ ಅಂದಳು.

ಮೊದಲನೆಯ ಕಾವಲು ಒಂದು ಮೀನು. ಅದರ ಹೆಸರು ತೆರೆಬಾಯಿ. ಕಡಲ ದಾರಿಯ ಅಷ್ಟಗಲಕ್ಕೂ ಬಾಯಿ ತೆರೆದುಕೊಂಡು ಅದು ಕೂತಿತ್ತು. ಆ ಬಾಯಿ ಎಂದೂ ಮುಚ್ಚಿದ್ದಿಲ್ಲ.

"ಬನ್ನಿ ಬನ್ನಿ, ಒಳಗೆ ಜಾಗ ಇದೆ," ಎಂದಿತು ಮೀನು.

ವಾಮಯ್ಯ ಉಳಿ ಎಸೆದ, ಅದು ಉಳಿ ನುಂಗಿತು. ಅಂಗಾರ ಹುಟ್ಟು ಎಸೆದ, ಹುಟ್ಟು ನುಂಗಿತು. ಹಡಗು ಆ ಬಾಯಿಯ ಸೆಳೆತಕ್ಕೆ ಸಿಕ್ಕಿ ಜಾರತೊಡಗಿದಾಗ ದ್ಯಾವಕ್ಕ ಸೆರಗು ಬಿಗಿದು ಮುಂದೆ ಬಂದಳು. ಮೂರು ಮಳೆಗಾಲ ಕಂಡ ಮಿಡಿ ಉಪ್ಪಿನಕಾಯಿಯ ಭರಣಿಯೊಂದನ್ನು ತಬ್ಬಿ ಎತ್ತಿ ಮೀನಿನ ನಾಲಿಗೆಯ ಮೇಲೆ ಬೋರಲು ಹಾಕಿದಳು.

ಮೀನಿನ ಒಂದು ಕಣ್ಣು ಮುಚ್ಚಿತು. ಇನ್ನೊಂದು ಕಣ್ಣು ಮುಚ್ಚಿತು. ಕಿವಿರು ನಡುಗಿತು. ಊರಗಲದ ಬಾಯಿ ಮುದುಡಿ ಮುದುಡಿ ಅಡಿಕೆಯಷ್ಟಾಯಿತು. ಹಡಗು ಅದರ ಪಕ್ಕದಿಂದ ಸರಾಗವಾಗಿ ದಾಟಿಹೋಯಿತು.

ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಯಾರೋ ಕರೆದಂತಾಯಿತು. ತಿರುಗಿ ನೋಡಿದರೆ ತೆರೆಬಾಯಿ. "ಅಕ್ಕಾ, ಭರಣಿಯ ತಳದಲ್ಲಿ ಇನ್ನೇನಾದರೂ ಉಳಿದಿದೆಯಾ?" ಎಂದು ಕೇಳುತ್ತ ಸಾಕುನಾಯಿಯ ಹಾಗೆ ಬೆನ್ನು ಹತ್ತಿತ್ತು.

ಎರಡನೆಯ ಕಾವಲು ಚಾಡಿಹಕ್ಕಿಗಳದು. ನೀಲಿ ರೆಕ್ಕೆ, ಕೆಂಪು ಕೊಕ್ಕು, ನೋಡಲು ಬಲು ಚಂದ. ಬಂದು ಹಗ್ಗಹಗ್ಗದ ಮೇಲೆ ಸಾಲಾಗಿ ಕೂತವು. ಒಬ್ಬೊಬ್ಬರ ಕಿವಿಯ ಹತ್ತಿರ ಬಗ್ಗಿ ಒಂದೊಂದು ಮಾತು ಹೇಳಿದವು. ವಾಮಯ್ಯ ಜೋಡಿಸಿದ ಹಲಗೆ ಅವನ ಹಲ್ಲಿನ ಹಾಗೇ ಸಂದಿ ಬಿಟ್ಟಿದೆ ಎಂದು ದ್ಯಾವಕ್ಕ ಅಂದದ್ದು ವಾಮಯ್ಯನಿಗೆ ಗೊತ್ತಾಯಿತು. ದ್ಯಾವಕ್ಕನ ಅಂಬಲಿ ಇರುವಾಗ ಆ ಸಂದಿಗೆ ಬೇರೆ ಅಂಟು ಯಾಕೆ ಎಂದು ವಾಮಯ್ಯ ಅಂದದ್ದು ದ್ಯಾವಕ್ಕನಿಗೆ ಗೊತ್ತಾಯಿತು. ಅತ್ತೆಯ ಮಾತು ಸೊಸೆಗೆ, ಸೊಸೆಯ ಮಾತು ಅತ್ತೆಗೆ. ಆ ಹಕ್ಕಿಗಳ ವಿಷವೇ ಅದು. ಅವು ಒಂದೂ ಸುಳ್ಳು ಹೇಳುತ್ತಿರಲಿಲ್ಲ.

ಹುಟ್ಟುಗಳು ನಿಂತವು. ಹಡಗಿನ ತುಂಬ ಬೆನ್ನುಗಳೇ. ಅಂಗಾರ ಒಬ್ಬೊಬ್ಬರ ಮುಂದೆ ಹೋಗಿ ಕೂತು ಬೇಡಿಕೊಂಡ, ಹಾಡು ಹೇಳಿದ, ಕೊನೆಗೆ ರೇಗಿದ. ಯಾವುದೂ ನಡೆಯಲಿಲ್ಲ. ನೀರಿನ ಸುಳಿ ಹಡಗನ್ನು ಬಂಡೆಗಳ ಕಡೆಗೆ ತಿರುಗಿಸುತ್ತಿತ್ತು.

ಆಗ ಹೊನ್ನಿ ಎದ್ದು ನಿಂತಳು. ಹಕ್ಕಿಗಳ ಕಡೆಗೆ ನೋಡದೆ ಸೀದಾ ಅಂಗಾರನ ಮುಖ ನೋಡಿ ಹೇಳಿದಳು:

"ನೀನು ಹಾಡಿದರೆ ನನಗೆ ನೇಯ್ದ ಹಾಯಿಯನ್ನು ಹರಿದು ಕಿವಿಗೆ ತುರುಕಿಕೊಳ್ಳಬೇಕು ಅನ್ನಿಸುತ್ತದೆ. ಇದನ್ನು ಮಡಕೆಯವರ ಹತ್ತಿರ ಹೇಳಿದ್ದೆ. ಈಗ ನಿನ್ನ ಹತ್ತಿರವೇ ಹೇಳಿದೆ. ನೀನಿಲ್ಲದ ಕಡೆ ನನಗೆ ಬೇಸರವಾಗುತ್ತದೆ ಅಂತಲೂ ಹೇಳಿದ್ದೆ. ಅದನ್ನೂ ನಾನೇ ಹೇಳುತ್ತೇನೆ, ಹಕ್ಕಿಯ ಕೈಲಿ ಹೇಳಿಸುವುದು ಯಾಕೆ?"

ಅಂಗಾರನ ಕಿವಿ ಕೆಂಪಾಯಿತು. ಹಾಡುವುದನ್ನು ಕಡಿಮೆ ಮಾಡುತ್ತೇನೆ ಎಂದ. ಎಲ್ಲೋ ಒಬ್ಬರು ಕಿಸಕ್ಕನೆ ನಕ್ಕರು. ವಾಮಯ್ಯ ತಿರುಗಿ ಕೂತು, ಅಂಬಲಿಯ ವಿಷಯ ತಾನು ಅಂದದ್ದು ನಿಜ, ಈಗಲೂ ಅನ್ನುತ್ತೇನೆ ಎಂದು ದ್ಯಾವಕ್ಕನಿಗೆ ಹೇಳಿದ. ಹಲ್ಲಿನ ವಿಷಯವೂ ನಿಜ ಎಂದು ಅವಳು ಹೇಳಿದಳು. ಸೊಸೆ ಅತ್ತೆಯ ಎದುರು ಕೂತು ಬಹಳ ಹೊತ್ತು ಹೇಳಿದಳು, ಅತ್ತೆ ಅದಕ್ಕಿಂತ ಹೆಚ್ಚು ಹೊತ್ತು ಹೇಳಿದಳು, ಕೊನೆಗೆ ಇಬ್ಬರೂ ಸೇರಿ ಒಬ್ಬಳ ಮಗನೂ ಇನ್ನೊಬ್ಬಳ ಗಂಡನೂ ಆದವನನ್ನು ಬೈದರು. ಹಡಗಿನಲ್ಲಿ ಬೈಗುಳವೂ ನಗೆಯೂ ಯಾವುದು ಯಾವುದೆಂದು ತಿಳಿಯದ ಹಾಗೆ ಬೆರೆತುಹೋದವು. ಹಕ್ಕಿಗಳು ಕಿವಿಗೆ ಬಂದರೆ "ಗೊತ್ತು, ಗೊತ್ತು" ಎಂದರು. ಮಾರಲು ಸರಕಿಲ್ಲದ ಹಕ್ಕಿಗಳು ಮುಖ ಸಣ್ಣ ಮಾಡಿಕೊಂಡು ಹಾರಿಹೋದವು. ಹುಟ್ಟುಗಳು ಮತ್ತೆ ನೀರಿಗಿಳಿದವು.

ಮೂರನೆಯ ಕಾವಲಿಗೆ ಪ್ರಾಣಿಯಿಲ್ಲ, ಪಕ್ಷಿಯಿಲ್ಲ. ದ್ವೀಪದ ಕರಿಗಲ್ಲಿನ ಮೇಲೆ ಗಂಟುಗಡ್ಡನೇ ನಿಂತಿದ್ದ.

"ಎಲ್ಲರಿಗೂ ಒಂದೇ ಒಲೆ ಎಂದು ಊರೆಲ್ಲ ಸಾರಿದೆಯಲ್ಲ ಅಂಗಾರ. ಆ ಮಾತು ನಿಜವಾದರೆ ಹಡಗು ತೇಲಲಿ. ಸುಳ್ಳಾದರೆ ಮುಳುಗಲಿ," ಎಂದು ನೀರಿಗೆ ಬೆರಳದ್ದಿದ.

ಹಡಗಿನವರು ನಿರಾಳವಾಗಿ ಉಸಿರುಬಿಟ್ಟರು. ಮರಳು ತುಂಬಿದ ದೊಡ್ಡ ತೊಟ್ಟಿಯಲ್ಲಿ ದ್ಯಾವಕ್ಕ ಉರಿಸುವ ಒಲೆಯೊಂದು ಬಿಟ್ಟರೆ ಬೇರೆ ಒಲೆಯೆಲ್ಲಿದೆ? ಆದರೆ ಹಡಗು ಇಳಿಯತೊಡಗಿತು. ನೀರು ಮೊದಲ ಹಲಗೆಗೆ ಬಂತು, ಎರಡನೆಯ ಹಲಗೆಗೆ ಬಂತು. ವಾಮಯ್ಯ ತಳಕ್ಕಿಳಿದು ನೋಡಿ ಬಂದ, ಎಲ್ಲೂ ತೂತಿರಲಿಲ್ಲ. ತುದಿಯ ಹಲಗೆಯ ಅಂಚಿನಿಂದ ಮರ ಕಲ್ಲಾಗುತ್ತ ಬರುತ್ತಿತ್ತು.

ಯಾಕೆ ಮುಳುಗುತ್ತಿದೆಯೆಂದು ಅಂಗಾರನಿಗೆ ಗೊತ್ತಿತ್ತು.

ಅಲೆಗೇರಿಯವರದು ಒಂದು ಪದ್ಧತಿ. ಮನೆ ಬದಲಿಸುವವರು ಬಾಗಿಲು ಬಿಟ್ಟು ಹೋದಾರು, ಮಂಚ ಬಿಟ್ಟು ಹೋದಾರು, ಒಲೆಗುಂಡು ಬಿಟ್ಟು ಹೋಗುವುದಿಲ್ಲ. ಅಜ್ಜಿಯರ ಕಾಲದಿಂದ ಅನ್ನ ಬೆಂದ ಆ ಕರಿಯ ಕಲ್ಲುಗಳೇ ಅವರಿಗೆ ಮನೆ. ಅವನ್ನು ನೀರಿಗೆ ಹಾಕಿದವರ ಕುಲದಲ್ಲಿ ಮತ್ತೆ ಹೊಗೆಯೇಳದು ಎಂಬ ಮಾತಿತ್ತು. ತಾಯಿಯ ಒಲೆಯ ಒಂದು ಗುಂಡನ್ನು ಅಂಗಾರ ಹರಕು ಚಾದರದಲ್ಲಿ ಸುತ್ತಿ ಇಷ್ಟು ವರ್ಷ ಊರೂರಿಗೆ ಹೊತ್ತಿದ್ದ. ಯಾರಿಗೂ ತೋರಿಸಿರಲಿಲ್ಲ. ಒಂದೇ ಒಲೆ, ಒಂದೇ ಒಲೆ ಎಂದು ಹೇಳುತ್ತ ಹಡಗು ಹತ್ತಿದವನು ಅದನ್ನು ತನ್ನ ತಲೆದಿಂಬಿನ ಕೆಳಗೇ ಇಟ್ಟಿದ್ದ. ಈ ಜನ ಒಂದು ದಿನ ಬೇಸತ್ತು ಇಳಿದುಹೋದರೆ ತನಗೆ ಅಂತ ಒಂದು ಕಲ್ಲಾದರೂ ಉಳಿಯಲಿ ಎಂದು.

ಅವನು ಹೋಗಿ ಅದನ್ನು ತಂದು ಎಲ್ಲರ ನಡುವೆ ಇಟ್ಟ. "ನನ್ನಿಂದಲೇ ಮುಳುಗುತ್ತಿದೆ," ಎಂದ. ತಲೆಯೆತ್ತಲಿಲ್ಲ.

ಆಮೇಲೆ ದ್ಯಾವಕ್ಕ ನಿಟ್ಟುಸಿರುಬಿಟ್ಟು ಅಕ್ಕಿಮುಡಿಯ ಹಿಂದಿನಿಂದ ಮೂರು ಗುಂಡು ಉರುಳಿಸಿಕೊಂಡು ಬಂದಳು. ವಾಮಯ್ಯನ ಹತಾರದ ಪೆಟ್ಟಿಗೆಯಿಂದ ಮೂರು ಬಂದವು. ಹೊನ್ನಿಯ ನೂಲಿನ ಬುಟ್ಟಿಯಿಂದ ಬಂದವು. ಅತ್ತೆಯ ಗಂಟಿನಿಂದ ಬಂದವು, ಸೊಸೆಯ ಗಂಟಿನಿಂದ ಬೇರೆಯೇ ಬಂದವು. ತೊಟ್ಟಿಲಿನೊಳಗೆ ಮಗುವಿನ ಕಾಲಬುಡದಿಂದಲೂ ಬಂದವು. ಒಂದೇ ಒಲೆಯೆಂದು ಒಪ್ಪಿಕೊಂಡು ಹತ್ತಿದವರೆಲ್ಲ ತಮ್ಮ ತಮ್ಮ ಒಲೆಯನ್ನು ಬಚ್ಚಿಟ್ಟುಕೊಂಡೇ ಹತ್ತಿದ್ದರು.

"ನೀರಿಗೆಸೆಯಿರಿ, ತೇಲುತ್ತೀರಿ," ಎಂದು ಗಂಟುಗಡ್ಡ ದಡದಿಂದ ಕೂಗಿದ.

ವಾಮಯ್ಯ ಒಂದು ಗುಂಡನ್ನು ಎತ್ತಿದ. ಕೈ ಮುಂದೆ ಹೋಗಲಿಲ್ಲ. ಅಂಗಾರ ತನ್ನದನ್ನು ಎತ್ತಿ ಅಂಚಿನವರೆಗೆ ಹೋದ. ಕಲ್ಲು ಅಮ್ಮನ ಅಂಗೈಯ ಹಾಗೆ ನುಣ್ಣಗಿತ್ತು. ಅವನು ಹಾಗೇ ನಿಂತ. ನೀರು ಪಾದ ಮುಟ್ಟಿತು. ಎಸೆದರೆ ಹಡಗೇನೋ ಉಳಿದೀತು. ಆದರೆ ಮನೆಯನ್ನು ನೀರಿಗೆ ಹಾಕಿ ಬಂದ ಜನ ಆಮೇಲೆ ಒಟ್ಟಿಗೆ ಕೂತು ಯಾವ ಬಾಯಲ್ಲಿ ಉಂಡಾರು?

ಅವನು ಹಿಂದಕ್ಕೆ ತಿರುಗಿದ. ತೊಟ್ಟಿಯ ಮರಳಿನಲ್ಲಿ, ಉರಿಯುತ್ತಿದ್ದ ಒಲೆಗೆ ಒತ್ತಿ ತನ್ನ ಕಲ್ಲನ್ನು ಊರಿದ.

"ಒಲೆ ಒಂದೇ ಇರಬೇಕು, ಸರಿ. ಅದಕ್ಕೆ ಮೂರೇ ಗುಂಡು ಸಾಕು ಅಂತ ಹೇಳಿದವರು ಯಾರು? ತನ್ನಿ ಎಲ್ಲವನ್ನೂ," ಎಂದ.

ಒಬ್ಬರ ಗುಂಡಿಗೆ ಇನ್ನೊಬ್ಬರ ಗುಂಡು ತಾಗಿಸಿ ಎಲ್ಲರೂ ಇಡುತ್ತ ಹೋದರು. ಮದುವೆಮನೆಯ ಉದ್ದ ಒಲೆಯ ಹಾಗೆ ತೊಟ್ಟಿಯ ಈ ತುದಿಯಿಂದ ಆ ತುದಿಗೆ ಒಂದೇ ಒಲೆ ಹರಡಿತು. ದ್ಯಾವಕ್ಕ ಈ ತುದಿಯಲ್ಲಿ ಊದಿದಳು, ಬೆಂಕಿ ಎಲ್ಲರ ಕಲ್ಲನ್ನೂ ಮುಟ್ಟಿ ಆ ತುದಿಗೆ ಹೋಯಿತು. ಹಡಗು ನೀರು ಕೊಡವಿಕೊಂಡು ಮೇಲೆದ್ದಿತು. ಕಲ್ಲಾಗಿದ್ದ ಹಲಗೆ ಮತ್ತೆ ಮರವಾಯಿತು.

ಗಂಟುಗಡ್ಡನಿಗೆ ತಡೆಯಲಾಗಲಿಲ್ಲ. ಇದರಲ್ಲೇನೋ ಮೋಸವಿದೆ, ಎಲ್ಲೋ ಒಂದು ಕಡೆ ಬೆಂಕಿ ಬೇರೆಯಾಗಿರಲೇಬೇಕು ಎನ್ನುತ್ತ ಹಡಗಿಗೆ ಹಾರಿಬಂದ. ಮೊಣಕಾಲೂರಿ, ಗಡ್ಡ ಇಳಿಬಿಟ್ಟು, ಒಲೆಯ ಸಂದಿಸಂದಿಗೂ ಮೂಗು ಹಾಕಿ ಹುಡುಕತೊಡಗಿದ. ಕೆಲಸದ ನಡುವೆ ಬಂದು ಕೂತವರನ್ನು ದ್ಯಾವಕ್ಕ ಛತ್ರದಲ್ಲೂ ಲೆಕ್ಕಕ್ಕೆ ತೆಗೆದುಕೊಂಡವಳಲ್ಲ. ಸಾರು ಕುದಿದಿತ್ತು. ಅವಳು ಕೊಬ್ಬರಿ ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ಹಿಡಿತುಂಬ ಒಣಮೆಣಸು ಮುರಿದು ಹಾಕಿದಳು.

ಘಾಟು ಎದ್ದಿತು. ಎಷ್ಟೋ ಕಾಲದಿಂದ ಒಬ್ಬನೇ ಹಸಿ ಮೀನು ತಿಂದುಕೊಂಡಿದ್ದ ಮೂಗಿಗೆ ಅದು ನೇರ ಹೋಯಿತು.

ಗಂಟುಗಡ್ಡ ಒಂದು ಸೀನು ಸೀನಿದ. ಮೂಡುಗಾಳಿಯ ಗಂಟು ಬಿಚ್ಚಿತು. ಎರಡನೆಯ ಸೀನು ಸೀನಿದ. ಪಡುಗಾಳಿ, ತೆಂಕಣಗಾಳಿ, ಬಡಗಣಗಾಳಿ ಎಲ್ಲ ಬಿಚ್ಚಿಕೊಂಡವು. ಮೂರನೆಯ ಸೀನಿಗೆ ಗಲ್ಲದ ಸುಂಟರಗಾಳಿಯೂ ಹೊರಬಿದ್ದು, ಅವನ ಮಂತ್ರವನ್ನೆಲ್ಲ ಎತ್ತಿಕೊಂಡು ಹೋಯಿತು. ಹೊನ್ನಿಯ ಹಾಯಿ ಬಸುರಿಯ ಹೊಟ್ಟೆಯ ಹಾಗೆ ತುಂಬಿ ನಿಂತಿತು. ದೂರದ ಅಲೆಗೇರಿಯಲ್ಲಿ ಅರಸನ ಕಿರೀಟ ಹಾರಿಹೋಯಿತಂತೆ. ಅವನು ಅದನ್ನು ಹಿಡಿಯಲು ಓಡುತ್ತ ಮಗುವಿನ ಹಾಗೆ ನಕ್ಕನಂತೆ.

ಗಂಟಿಲ್ಲದ ಗಡ್ಡದ ಮುದುಕನೊಬ್ಬ ಕಣ್ಣು ಮೂಗು ಒರೆಸಿಕೊಳ್ಳುತ್ತ ಹಡಗಿನ ನಡುವೆ ಕೂತಿದ್ದ. ಅವನನ್ನು ಕಡಲಿಗೆ ತಳ್ಳಬೇಕೆಂದು ಕೆಲವರು ಅಂದರು. ಅಂಗಾರ ಬೇಡವೆಂದ. ಒಬ್ಬನೇ ಇದ್ದು ಇದ್ದು ಹೀಗಾಗಿದ್ದಾನೆ, ತಾನೂ ಆ ದಾರಿಯಲ್ಲಿ ಸ್ವಲ್ಪ ದೂರ ನಡೆದವನೇ ಎಂದ.

"ಹಾಗಾದರೆ ಈರುಳ್ಳಿ ಹೆಚ್ಚಲಿ. ಹೇಗೂ ಅಳುತ್ತಿದ್ದಾನಲ್ಲ," ಎಂದಳು ದ್ಯಾವಕ್ಕ.

ಊಟಕ್ಕೆ ಎಲ್ಲರೂ ಸಾಲಾಗಿ ಕೂತರು. ಹಡಗು ಎತ್ತ ಹೋಗಬೇಕೆಂದು ಎಂಟು ದಿಕ್ಕಿಗೂ ಕೈ ತೋರಿಸಿ ಜಗಳವಾಯಿತು. ಎಲ್ಲ ದಾರಿ ಬಲ್ಲ ಅಂಗಾರ ಚುಕ್ಕಾಣಿ ಬಿಟ್ಟು ಬಂದು ಹೊನ್ನಿಯ ಪಕ್ಕದಲ್ಲಿ ಕೂತ. ಉಂಡು ಏಳುವವರೆಗೆ ಗಾಳಿ ಎಲ್ಲಿಗೆ ಕರೆಯುತ್ತದೋ ಅಲ್ಲಿಗೆ ಹೋಗೋಣ, ಆಮೇಲೆ ಜಗಳ ಮುಂದುವರಿಸೋಣ ಎಂದ. ಹೊನ್ನಿ ಅವನ ಎಲೆಯ ಮೇಲಿದ್ದ ಮೀನಿನ ದೊಡ್ಡ ಹೋಳನ್ನು ತನ್ನ ಎಲೆಗೆ ಹಾಕಿಕೊಂಡಳು. ಅವನು ಎಲೆಯನ್ನು ಅವಳ ಕಡೆಗೆ ಇನ್ನಷ್ಟು ಸರಿಸಿದ.

ಆ ಜಗಳ ಇನ್ನೂ ಮುಗಿದಿಲ್ಲ, ಹಡಗು ಇನ್ನೂ ನಿಂತಿಲ್ಲ. ತೊಟ್ಟಿಲುಗಳು ಹೆಚ್ಚಾಗಿವೆ, ಒಲೆ ಇನ್ನಷ್ಟು ಉದ್ದವಾಗಿದೆ. ಅವರು ಉಂಡು ಕೈ ತೊಳೆದು ಸುಖವಾಗಿದ್ದಾರೆ. ಕತೆ ಕೇಳಿದವರ ಮನೆಯಲ್ಲೂ ಒಲೆ ಉರಿಯಲಿ, ಗಾಳಿಯಾಡಲಿ.