ತದಿಗೆಯೋ, ಚೌತಿಯೋ

ಆ ಭಾನುವಾರ ಬೆಳಿಗ್ಗೆ ಕೋಕಿಲಮ್ಮ ಅಡುಗೆಮನೆಯಲ್ಲಿ ನಿಂತು ಉಳಿದ ಒಬ್ಬಟ್ಟುಗಳನ್ನು ಡಬ್ಬಿಗಳಿಗೆ ತುಂಬುತ್ತಿದ್ದರು. ಹಿಂದಿನ ದಿನವಷ್ಟೇ ಮಗಳು ಆರತಿಯ ನಿಶ್ಚಿತಾರ್ಥ ಮುಗಿದಿತ್ತು. ಲಾಸ್ ಏಂಜಲೀಸ್ ಬಳಿಯ ಚಾಟ್ಸ್‌ವರ್ತ್‌ನ ಆ ಮನೆಯ ತುಂಬ ಇನ್ನೂ ಮಲ್ಲಿಗೆಯ ವಾಸನೆ ಇತ್ತು.

“ಆರತಿ, ಇದು ಇಂದಿರಾ ಆಂಟಿಗೆ. ಇದು ಅಮೋಘನಿಗೆ, ಫ್ರೀಜರ್‌ನಲ್ಲಿಡು. ಅಕ್ಕನ ನಿಶ್ಚಿತಾರ್ಥಕ್ಕಂತೂ ಇರಲಿಲ್ಲ, ಒಬ್ಬಟ್ಟಾದರೂ ಸಿಗಲಿ, ಪಾಪ!”

“ಅವನು ಬರೋದು ಮುಂದಿನ ವಾರ ಅಮ್ಮ. ಅಷ್ಟರಲ್ಲಿ ನಾನೇ ತಿಂದಿರ್ತೀನಿ!”

ಆಗ ಫೋನ್ ಬಂತು. ಆರತಿ ಎತ್ತಿಕೊಂಡಳು.

ಅಲಾಸ್ಕಾದಿಂದ ಒಬ್ಬ ಹೆಂಗಸಿನ ದನಿ. ಮೆತ್ತಗೆ, ತುಂಬ ಮೆತ್ತಗೆ ಮಾತಾಡುತ್ತಿತ್ತು. ಅಮೋಘ ಹೋಗಿದ್ದ ದ್ವೀಪದ ಜ್ವಾಲಾಮುಖಿ ನಿನ್ನೆ ಬೆಳಿಗ್ಗೆ ಹಬೆ, ಕಲ್ಲು, ಬೂದಿ ಉಗುಳಿದೆ. ಕೆಳಗಿನ ಗುಡಿಸಲಿನಲ್ಲಿದ್ದ ಇಬ್ಬರು ಉಳಿದಿದ್ದಾರೆ. ಅಮೋಘ ಮೇಲೆ, ಕುಳಿಯ ಅಂಚಿನಲ್ಲಿದ್ದ. ಇವತ್ತು ಹೆಲಿಕಾಪ್ಟರ್ ಹೋಗಿ ನೋಡಿತು. ಅವನು ಹತ್ತಿದ ದಾರಿಯೇ ಅಲ್ಲಿಲ್ಲ...

“ಬದುಕಿರುವ ಸಾಧ್ಯತೆ ಇಲ್ಲ. ಕ್ಷಮಿಸಿ.”

ಆರತಿ ತಿರುಗಿ ತಂದೆಯನ್ನು ನೋಡಿದಳು. ಸೋಫಾದ ಮೇಲೆ ಕುಳಿತಿದ್ದ ಸತ್ಯಮೂರ್ತಿಗಳು ಯಾರ ಫೋನು ಎಂದು ಕೇಳಲಿಲ್ಲ. ಕನ್ನಡಕ ತೆಗೆದು, ಮಡಚಿ, ಜೇಬಿಗಿಟ್ಟುಕೊಂಡು ಕಣ್ಣು ಮುಚ್ಚಿದರು.

“ಯಾರಮ್ಮಾ?” ಎಂದು ಕೇಳಿದವರು ಕೋಕಿಲಮ್ಮ. ಅವರ ಕೈಯಲ್ಲಿ ಇನ್ನೂ ಡಬ್ಬಿ ಇತ್ತು.

* * *

ಅಮೋಘ ಅಮೆರಿಕದಲ್ಲೇ ಹುಟ್ಟಿದವನು. ಸ್ಯಾನ್ ಡಿಯಾಗೋದ ಲಾ ಹೋಯಾದಲ್ಲಿ ಭೂವಿಜ್ಞಾನ ಓದುತ್ತಿದ್ದ. ಸುಜಯ್ ಅಲ್ಲೇ ಅವನ ಸೀನಿಯರ್, ಮೈಸೂರಿನವನು. ಸುಪ್ತವಾಗಿ ಉಸಿರಾಡುವ ಜ್ವಾಲಾಮುಖಿಗಳ ಮೇಲೆ ಕಣ್ಣಿಡುವುದು ಇಬ್ಬರ ಕೆಲಸ. ಬೆಟ್ಟದ ಮೈಮೇಲೆ ಅಲ್ಲಲ್ಲಿ ಯಂತ್ರಗಳನ್ನು, ಅವರ ಮಾತಿನಲ್ಲಿ ‘ಸ್ಟೇಷನ್’ಗಳನ್ನು, ನೆಟ್ಟಿರುತ್ತಾರೆ. ನೆಲ ನಡುಗಿದರೆ, ಕೂದಲೆಳೆಯಷ್ಟು ಉಬ್ಬಿದರೆ, ಆ ಸುದ್ದಿ ಉಪಗ್ರಹದ ಮೂಲಕ ಇವರ ಪರದೆಗೆ ಬರುತ್ತದೆ.

ಕೋವಿಡ್ ಇಳಿಯುತ್ತ ಬಂದ ವರ್ಷ ಅಮೋಘ ಸುಜಯ್‌ನನ್ನು ಮನೆಗೆ ಊಟಕ್ಕೆ ಕರೆತಂದಿದ್ದ. ಬಾಗಿಲು ತೆಗೆದವಳು ಆರತಿ. ನಮಸ್ಕಾರವೂ ಇಲ್ಲ!

“ನನ್ನ ತಮ್ಮನ್ನ ಬೆಂಕಿ ಬೆಟ್ಟ ಹತ್ತಿಸೋರು ನೀವೇನಾ?”

ಸುಜಯ್ ಚಪ್ಪಲಿ ಬಿಡುತ್ತಿದ್ದವನು ಹಾಗೇ ನಿಂತ. “ಬೆಂಕಿ ಇಲ್ಲ ರೀ. ಬರೀ ಹಬೆ. ನಿಮ್ಮ ಮನೆ ಇಡ್ಲಿ ಪಾತ್ರೆ ಥರ.”

“ಇಡ್ಲಿ ಪಾತ್ರೆ ಮೇಲೆ ಯಾರೂ ಹತ್ತಿ ನಿಲ್ಲಲ್ಲ!”

“ಓ ಮೈ ಗಾಡ್, ಅಕ್ಕಾ, ಸ್ಟಾಪ್! ಹೀ ಈಸ್ ಮೈ ಸೀನಿಯರ್!” ಎಂದು ಅಮೋಘ ತಲೆ ಹಿಡಿದುಕೊಂಡ.

ಜಗಳದಿಂದ ಶುರುವಾದದ್ದು ಪ್ರೀತಿಯಾಯಿತು. ಇವಳು ಲಾಸ್ ಏಂಜಲೀಸ್‌ನ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್, ಅವನು ಸ್ಯಾನ್ ಡಿಯಾಗೋದಲ್ಲಿ. ರಜೆಯ ದಿನ ಇಬ್ಬರೂ ಡ್ರೈವ್ ಮಾಡಿಕೊಂಡು ಅರ್ಧ ದಾರಿಯ ಸ್ಯಾನ್ ಕ್ಲೆಮೆಂಟೆಗೆ ಬರುತ್ತಿದ್ದರು. ಫ್ಲಾಸ್ಕ್‌ನಲ್ಲಿ ಅವಳ ಕಾಫಿ. ಅವನ ಫೋನಿನಲ್ಲಿ ಬೆಟ್ಟಗಳ ಪಟ್ಟಿ, ಒಂದೊಂದರ ಮುಂದೆ ಒಂದು ಬಣ್ಣ.

“ಹಸಿರು ಅಂದ್ರೆ ಸೇಫ್ ಅಂತನಾ?” ಎಂದು ಕೇಳಿದ್ದಳು ಒಮ್ಮೆ.

“ಅಲ್ಲ. ಎಂದಿನ ಹಾಗೇ ಇದೆ ಅಂತ, ಅಷ್ಟೇ. ಕರಗಿದ ಬಂಡೆ ಮೇಲೆ ಬರ್ತಿದ್ರೆ ಗೊತ್ತಾಗುತ್ತೆ. ನೆಲ ಉಬ್ಬುತ್ತೆ, ನಡುಗುತ್ತೆ. ಆದ್ರೆ ಒಳಗೆ ನೀರು ಕಾದು ಸಿಕ್ಕಿಹಾಕಿಕೊಂಡಿದ್ರೆ... ಅದು ಹೇಳಿ ಬರಲ್ಲ ಆರತಿ.”

ಇಬ್ಬರ ನಿಶ್ಚಿತಾರ್ಥ ಗೊತ್ತಾದ ಜೂನ್‌ನಲ್ಲಿ ಅಲಾಸ್ಕಾದ ಬೆಟ್ಟದ ಕುಳಿಯಂಚಿನ ಸ್ಟೇಷನ್ನಿನ ಬ್ಯಾಟರಿ ಸೊರಗಿತ್ತು. ಬದಲಾಯಿಸಿ ಬರಲು ಅಮೋಘ ಹೊರಟ. ಹವಾಮಾನ ಕೈಕೊಟ್ಟು ನಿಶ್ಚಿತಾರ್ಥದ ಹೊತ್ತಿಗೆ ಹಿಂತಿರುಗಲಾಗಲಿಲ್ಲ. ಬೆಟ್ಟದ ಬಣ್ಣ ಹಸಿರೇ ಇತ್ತು.

* * *

ಸಾಂತ್ವನ ಹೇಳಲು ಬಂದವರಲ್ಲಿ ಲಾ ಹೋಯಾದಲ್ಲಿ ಸುಜಯ್ ಜೊತೆ ಕೆಲಸ ಮಾಡುವ ರಾಕೇಶ್ ಕೂಡ ಇದ್ದ. ಪಾಪ, ಒಳ್ಳೆಯ ಮಾತೆಂದೇ ಅವನು ಹೇಳಿದ್ದು.

“ಸುಜಯ್ ತುಂಬಾ ಕುಗ್ಗಿಹೋಗಿದ್ದಾನೆ ಆರತಿ. ಶನಿವಾರ ಬೆಳಿಗ್ಗೆ ಸಿಗ್ನಲ್ ನಿಂತಾಗ ಮೊದಲು ನೋಡಿದ್ದೇ ಅವನು.”

ಶನಿವಾರ ಬೆಳಿಗ್ಗೆ!

ಆರತಿ ನೇರ ಹಿತ್ತಲಿಗೆ ಹೋದಳು. ಸುಜಯ್ ಅಲ್ಲಿ ಮಡಚುವ ಕುರ್ಚಿಗಳನ್ನು ಒಟ್ಟುಮಾಡುತ್ತಿದ್ದ.

“ಶನಿವಾರ ಬೆಳಿಗ್ಗೆನೇ ನಿಂಗೆ ಗೊತ್ತಿತ್ತಾ?”

ಅವನು ಕುರ್ಚಿ ಕೆಳಗಿಟ್ಟ. “ಗೊತ್ತಿತ್ತು.”

“ಗೊತ್ತಿದ್ದೂ ಬಂದು... ನನ್ನ ಪಕ್ಕ ಕೂತು... ಫೋಟೋಗೆ ನಕ್ಕೆ!”

“ಆರತಿ...”

“ಸೂತಕ ಬಂದ್ರೆ ವರ್ಷ ಕಾಯಬೇಕಲ್ಲ! ಅದಕ್ಕೇ ಮೊದಲು ಉಂಗುರ ಹಾಕಿ ಮುಗಿಸಿಬಿಟ್ಟೆ, ಅಲ್ವಾ? ಅಮ್ಮ ನಿನಗೆ ಬಲವಂತ ಮಾಡಿ ಒಬ್ಬಟ್ಟು ಹಾಕ್ತಿದ್ರು ಸುಜಯ್... ಹೇಗೆ ನುಂಗಿದೆ?”

ಸುಜಯ್ ಅವಳ ಹೆಗಲಿನಾಚೆ ನೋಡಿದ. ಹಿತ್ತಲ ಬಾಗಿಲಲ್ಲಿ ಸತ್ಯಮೂರ್ತಿಗಳು ನಿಂತಿದ್ದರು. ಎಲ್ಲವನ್ನೂ ಕೇಳಿದ್ದರು. ಅವರ ತುಟಿ ಅಲುಗಿತು. ಮಾತು ಮಾತ್ರ ಹೊರಬರಲಿಲ್ಲ.

ಸುಜಯ್ ತಲೆ ತಗ್ಗಿಸಿದ.

“ಬರೀ ಹಬೆ ಅಂದಿದ್ದೆಯಲ್ಲ... ಬರೀ ಹಬೆ!” ಎನ್ನುತ್ತ ಆರತಿ ಉಂಗುರವನ್ನು ಕಿತ್ತು ಅವನ ಅಂಗೈಯಲ್ಲಿಟ್ಟು ಒಳಗೆ ಹೋದಳು. ತಂದೆ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟರು.

* * *

ದೇಹ ಸಿಗಲಿಲ್ಲ. ಕೋಕಿಲಮ್ಮ ಕರ್ಮಕ್ಕೆ ಒಪ್ಪಲಿಲ್ಲ.

“ಕಣ್ಣಿಂದ ಕಾಣದೆ ನನ್ನ ಮಗನಿಗೆ ಎಳ್ಳುನೀರು ಬಿಡ್ತೀರಾ? ದ್ವೀಪ ಅಂದ್ರೆ ಯಾವುದೋ ಮೂಲೇಲಿ ಇರಬಾರದಾ?” ಎಂದು ಬಂದವರನ್ನೆಲ್ಲ ಕೇಳುತ್ತಿದ್ದರು. ಜನ ಬರುವುದನ್ನೇ ಕಡಿಮೆ ಮಾಡಿದರು.

ಎಲ್ ಸೆಗುಂಡೋದ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರಾಗಿ ಬದುಕಿಡೀ ಲೆಕ್ಕ ತಪ್ಪದೆ ಮಾಡಿದ್ದ ಸತ್ಯಮೂರ್ತಿಗಳಿಗೆ ಈಗ ಸಂಧ್ಯಾವಂದನೆಯ ಗಾಯತ್ರಿಯೂ ನಡುವೆ ತಪ್ಪುತ್ತಿತ್ತು. ಮತ್ತೆ ಮೊದಲಿನಿಂದ ಶುರುಮಾಡುವರು. ಮತ್ತೆ ತಪ್ಪುವುದು. ಮಗಳ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದನ್ನು ಅವರು ಬಿಟ್ಟೇಬಿಟ್ಟಿದ್ದರು. ದುಃಖ ಎಂದುಕೊಂಡಳು ಆರತಿ.

ಅವಳ ದುಃಖಕ್ಕೆ ಸಿಟ್ಟೂ ಬೆರೆತಿತ್ತು. ‘ಸತ್ತವನು ಒಬ್ಬ, ನಾನು ಕಳೆದುಕೊಂಡವರು ಇಬ್ಬರು’ ಎಂದು ಕಾರಿನಲ್ಲಿ ಒಬ್ಬಳೇ ಇರುವಾಗ ಅಳುತ್ತಿದ್ದಳು.

ಮುಂದಿನ ವಸಂತದಲ್ಲಿ, ಹಿಮ ಕರಗಲು ಶುರುವಾದಾಗ, ಸುಜಯ್ ಆ ಬೆಟ್ಟ ಹತ್ತಿದ. ಹಿಂತಿರುಗಿದವನು ಚಾಟ್ಸ್‌ವರ್ತ್‌ಗೆ ಬಂದು ಕೋಕಿಲಮ್ಮನ ಎದುರು ನೆಲದ ಮೇಲೆ ಕುಳಿತ. ಆರತಿ ಮೆಟ್ಟಿಲ ಮೇಲೆಯೇ ನಿಂತು ಕೇಳಿಸಿಕೊಂಡಳು. ಕೆಳಗಿಳಿಯಲಿಲ್ಲ.

“ಆಂಟಿ, ಸ್ಟೇಷನ್ ಇದ್ದ ಜಾಗಕ್ಕೆ ಹೋಗಿದ್ದೆ. ಕಂಬ ಮುರಿದಿತ್ತು. ಬ್ಯಾಟರಿ ಪೆಟ್ಟಿಗೆ ಮಾತ್ರ ಬೂದೀಲಿ ಹೂತು ಉಳಿದಿತ್ತು. ಒಳಗೆ ಹೊಸ ಬ್ಯಾಟರಿ ಇತ್ತು. ಕೆಲಸ ಮುಗಿಸಿದ್ದಾನೆ ಆಂಟಿ. ಮುಚ್ಚಳ ಹಾಕಿ, ಎರಡೂ ಕಡೆ ಕ್ಲಿಪ್ ಒತ್ತಿ ಭದ್ರ ಮಾಡಿದ್ದಾನೆ.”

“ಮುಚ್ಚಳ ಹಾಕಿದ್ನಾ?”

“ಹಾಕಿದ್ದ.”

ಕೋಕಿಲಮ್ಮ ಅಡುಗೆಮನೆಯ ಕಡೆ ನೋಡಿದರು.

“ಈ ಮನೇಲಿ ಒಂದು ದಿನ ಉಪ್ಪಿನಕಾಯಿ ಬಾಟ್ಲಿ ಮುಚ್ಚಳ ನೆಟ್ಟಗೆ ಹಾಕಿದವನಲ್ಲ. ಎಷ್ಟು ಬೈತಿದ್ದೆ... ಅಲ್ಲಿ ಹಾಕಿದ್ನಾ?” ಎಂದವರೇ ಮಗುವಿನಂತೆ ಅತ್ತುಬಿಟ್ಟರು. ಅಳು ನಿಂತ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, “ರೀ, ಪುರೋಹಿತರಿಗೆ ಫೋನ್ ಮಾಡಿ. ಇವನೂ ಬರಲಿ. ಅಲ್ಲೀವರೆಗೂ ಹತ್ತಿ ನೋಡಿ ಬಂದವನು ಇವನೊಬ್ಬನೇ” ಎಂದರು.

* * *

ಸ್ಯಾನ್ ಡಿಯಾಗೋದಲ್ಲಿ ಅಂತ್ಯಕ್ರಿಯೆ ನಡೆಸುವ ಒಂದು ಫ್ಯೂನರಲ್ ಹೋಮ್‌ನವರು ಹಿಂದಿನ ಅಂಗಳದಲ್ಲಿ ಚಿಕ್ಕ ಬೆಂಕಿಗೆ ಅನುಮತಿ ಕೊಟ್ಟರು. ದೇಹವಿಲ್ಲದವನಿಗೆ ದರ್ಭೆಯಲ್ಲೇ ದೇಹ ಕಟ್ಟಿದರು. ತಲೆಯ ಜಾಗದಲ್ಲಿ ಒಂದು ತೆಂಗಿನಕಾಯಿ. ಅದನ್ನು ನೋಡಲಾರದೆ ಆರತಿ ಮುಖ ತಿರುಗಿಸಿದಾಗ ಬೇಲಿಯ ಬಳಿ ಒಬ್ಬನೇ ನಿಂತಿದ್ದ ಸುಜಯ್ ಕಂಡ. ಮತ್ತೆ ಮುಖ ತಿರುಗಿಸಿದಳು.

“ಮೂರ್ತಿಗಳೇ,” ಎಂದರು ಪುರೋಹಿತರು, “ದೇಹ ಸಿಕ್ಕಿಲ್ಲ, ಪ್ರಾಣ ಹೋದ ಹೊತ್ತನ್ನು ಕಂಡವರಿಲ್ಲ. ಇಂಥ ಕಡೆ ಸುದ್ದಿ ಕಿವಿಗೆ ಬಿದ್ದ ತಿಥಿಯನ್ನೇ ಹಿಡಿಯೋದು. ಇನ್ನು ಪ್ರತಿವರ್ಷದ ಶ್ರಾದ್ಧವೂ ಆ ತಿಥಿಗೇ. ಯಾವ ದಿನ ಕೇಳಿದಿರಿ?”

ತಂದೆ ತಲೆ ಎತ್ತಲಿಲ್ಲ. ಆರತಿಯೇ ಹೇಳಿದಳು. “ಭಾನುವಾರ. ಫೋನ್ ತಗೊಂಡಿದ್ದು ನಾನೇ.”

ಪುರೋಹಿತರು ಪಂಚಾಂಗ ನೋಡಿದರು. “ಹಾಗಾದರೆ ಚೌತಿ. ಕೈಗೆ ನೀರು ತಗೊಳ್ಳಿ. ನಾನು ಹೇಳಿದ ಹಾಗೆ ಹೇಳಿ... ಚತುರ್ಥ್ಯಾಂ ತಿಥೌ...”

ಸತ್ಯಮೂರ್ತಿಗಳು ಹೇಳಲಿಲ್ಲ.

“ಹೇಳಿ ಮೂರ್ತಿಗಳೇ. ಚತುರ್ಥ್ಯಾಂ ತಿಥೌ...”

ಅಂಗೈಯ ನೀರು ಬೆರಳ ಸಂದಿಯಿಂದ ಸೋರಿಹೋಯಿತು. ಎದುರಿಗೆ ದರ್ಭೆಯ ಮಗ ಮಲಗಿದ್ದ. ಒಂದು ವರ್ಷ ಮನುಷ್ಯರ ಮುಂದೆ ಮುಚ್ಚಿಟ್ಟದ್ದನ್ನು ಆ ಮಗನ ಮುಂದೆ, ಅಗ್ನಿಯ ಮುಂದೆ ಮುಚ್ಚಿಡಲು ಆ ವೃದ್ಧನ ನಾಲಿಗೆ ಒಪ್ಪಲಿಲ್ಲ.

“ಚೌತಿ ಅಲ್ಲ. ತದಿಗೆ,” ಎಂದರು. “ಶನಿವಾರ.”

“ಏನಂದ್ರಿ?” ಕೋಕಿಲಮ್ಮ ಎದ್ದು ನಿಂತರು.

“ಸುಜಯ್ ಬಂದವನೇ ನನ್ನನ್ನ ಗ್ಯಾರೇಜ್ ಹತ್ತಿರ ಕರೆದು ಹೇಳಿದ. ಸಿಗ್ನಲ್ ನಿಂತಿದೆ ಅಂಕಲ್, ಅಮೋಘ ಕೆಳಗಿಳಿದಿಲ್ಲ, ನಿಶ್ಚಿತಾರ್ಥ ನಿಲ್ಲಿಸೋಣ ಅಂದ. ನಾನೇ... ಬ್ಯಾಟರಿ ಹೋಗಿರುತ್ತೆ, ಅದಕ್ಕೇ ತಾನೆ ಅವನು ಹೋಗಿರೋದು ಅಂದೆ. ಎಲ್ಲರ ಊಟ ಆಗೋವರೆಗೂ ಬಾಯಿ ಬಿಡಬೇಡಪ್ಪ ಅಂತ ಅವನಿಗೆ ಕೈ ಮುಗಿದೆ.”

ಆರತಿಗೆ ನೆನಪಾಯಿತು. ಹಿತ್ತಲು... ಬಾಗಿಲಲ್ಲಿ ನಿಂತಿದ್ದ ಅಪ್ಪ... ತನ್ನ ಹೆಗಲಿನಾಚೆ ನೋಡಿದ ಆ ಕಣ್ಣು!

ಕೋಕಿಲಮ್ಮ ಗಂಡನನ್ನೇ ನೋಡುತ್ತಿದ್ದರು.

“ನೀವು ಅವತ್ತು ಪಾಯಸ ಎರಡು ಸಲ ಹಾಕಿಸಿಕೊಂಡ್ರಿ.”

“ನೀನು ನಗ್ತಾ ಬಡಿಸ್ತಾ ಇದ್ದೆ ಕೋಕಿಲಾ... ಬೇಡ ಅನ್ನೋಕೆ ಆಗಲಿಲ್ಲ.”

ಪುರೋಹಿತರು ಸತ್ಯಮೂರ್ತಿಗಳ ಅಂಗೈಗೆ ಮತ್ತೆ ನೀರು ಹಾಕಿ, ತಗ್ಗಿದ ದನಿಯಲ್ಲಿ, “ತೃತೀಯಾಯಾಂ ತಿಥೌ” ಎಂದರು. ಸತ್ಯಮೂರ್ತಿಗಳು ತಪ್ಪದೆ ಹೇಳಿದರು. ಬೆಂಕಿ ದರ್ಭೆಯನ್ನು ಹಿಡಿಯಿತು.

ಕೋಕಿಲಮ್ಮ ಗಂಡನ ಹತ್ತಿರ ಕೂರಲಿಲ್ಲ. ಒದ್ದೆ ಪಂಚೆಯಲ್ಲಿ ನಡುಗುತ್ತಿದ್ದ ಅವರ ಹೆಗಲ ಮೇಲೆ ತಮ್ಮ ಶಾಲು ಹಾಕಿದರು. ಹಾಕಿ, ದೂರ ಹೋಗಿ ಕುಳಿತರು.

* * *

ಬೂದಿ ಬಿಡಲು ದೋಣಿಯಲ್ಲಿ ಸಮುದ್ರದೊಳಗೆ ದೂರ ಹೋದರು. ಹಿಂಭಾಗದಲ್ಲಿ ಸುಜಯ್ ಕಂಬಿ ಹಿಡಿದು ನಿಂತಿದ್ದ. ಆರತಿ ಹೋಗಿ ಪಕ್ಕದಲ್ಲಿ ನಿಂತಳು.

“ಯಾಕೆ ಹೇಳಲಿಲ್ಲ? ನಾನು ಅಷ್ಟು ಕೆಟ್ಟದಾಗಿ ಮಾತಾಡಿದಾಗಲೂ?”

“ಅಂಕಲ್ ಅವರೇ ಹೇಳಲಿ ಅಂತ ಕಾದೆ. ಆಮೇಲೆ ಅವರ ಮುಖ ನೋಡಿದೆ. ಮಗ ಹೋಗಿದ್ದ. ಮಗಳೂ ಅವರಿಂದ ದೂರ ಆಗೋದು ಬೇಡ ಅನ್ನಿಸ್ತು.”

“ಅವನು ನನ್ನ ತಮ್ಮ ಸುಜಯ್. ನನಗೆ ಯಾವಾಗ ಹೇಳಬೇಕು ಅಂತ ನೀವಿಬ್ಬರೇ ತೀರ್ಮಾನ ಮಾಡಿದ್ರಿ. ಅವನು ಆ ಬೂದಿಯಲ್ಲಿದ್ದಾಗ ನಾನು ರೇಷ್ಮೆ ಸೀರೆ ಉಟ್ಟು ನಗ್ತಿದ್ದೆ. ಅದನ್ನ ಮರೆಯೋಕೆ ಆಗಲ್ಲ.”

“ಮರೀಬೇಡ.” ಅವನು ನೀರನ್ನೇ ನೋಡುತ್ತ ಹೇಳಿದ. “ಇನ್ನೊಂದು ಹೇಳಬೇಕು. ಅವತ್ತು ನೀನಂದಿದ್ದರಲ್ಲಿ ಅರ್ಧ ನಿಜ. ಅಂಕಲ್ ಬ್ಯಾಟರಿ ಅಂದ್ರು. ಆದ್ರೆ ಕೆಳಗಿನ ಸ್ಟೇಷನ್‌ನಲ್ಲಿ ನಡುಕ ದಾಖಲಾಗಿದ್ದನ್ನ ನಾನು ನೋಡಿದ್ದೆ. ಬ್ಯಾಟರಿ ಅಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಒಪ್ಪಿಕೊಂಡೆ. ಆ ಒಂದು ದಿನ... ನಿನ್ನ ಪಕ್ಕ ಕೂರೋ ಆಸೆ ನನಗೂ ಇತ್ತು ಆರತಿ.”

ಅವಳ ಕಣ್ಣು ತುಂಬಿತು. ‘ಈ ಮಾತನ್ನು ಇವನು ನುಂಗಿಕೊಂಡಿದ್ದರೆ ನಾನು ಎಷ್ಟು ಸುಲಭವಾಗಿ ಕ್ಷಮಿಸಿಬಿಡುತ್ತಿದ್ದೆ! ಹೇಳದಿದ್ದರೆ ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಆದರೂ ಹೇಳಿದ...’

ಕ್ಷಮೆ ಅವಳಿಗೆ ಇನ್ನೂ ಸಿಕ್ಕಿರಲಿಲ್ಲ. ಆದರೆ ಕಂಬಿಯ ಮೇಲಿದ್ದ ಅವನ ಕೈಯ ಮೇಲೆ ಅವಳ ಕೈ ಇತ್ತು. ಯಾವಾಗ ಇಟ್ಟಳೋ ಅವಳಿಗೇ ತಿಳಿಯಲಿಲ್ಲ.

“ಸುಜಯ್...”

“ಹೂಂ?”

“ಇನ್ಮೇಲೆ ಎಂಥ ಕೆಟ್ಟ ಸುದ್ದಿ ಇದ್ರೂ ಮೊದಲು ನನಗೆ ಹೇಳಬೇಕು.”

“ಮೊದಲು ನಿನಗೇ.”

“ನಾನು ನಗ್ತಾ ಇದ್ರೂ.”

“ನಗ್ತಾ ಇದ್ರೂ,” ಎಂದ. ಆ ಮಾತಿಗೆ ಇಬ್ಬರೂ ಅತ್ತರು.

ಮುಂಭಾಗದಲ್ಲಿ ಸತ್ಯಮೂರ್ತಿಗಳು ಕುಡಿಕೆಯನ್ನು ಬಗ್ಗಿಸಿದರು. ಗಾಳಿ ಬೂದಿಯನ್ನು ಬಡಗು ದಿಕ್ಕಿಗೆ ಒಯ್ದಿತು. ಎಲ್ಲರೂ ಕೈಮುಗಿದು ನಿಂತರು. ಪುರೋಹಿತರು ಬಾಯಿ ತೆರೆಯುವ ಮೊದಲೇ ಕೋಕಿಲಮ್ಮನ ದನಿ ಕೇಳಿತು.

“ಭಗವಂತಾ, ನನ್ನ ಮಗ ಚಳಿಯಲ್ಲಿ ಒಬ್ಬನೇ ಹೋದ. ನೀನಾದರೂ ಅವನ ಜೊತೆಗಿರು. ಅವನಿಗೆ ಬಾಯಾರಿಕೆ ಆಗದಿರಲಿ, ಭಯ ಆಗದಿರಲಿ. ನಮ್ಮ ಅಳು ಅವನ ಕಾಲಿಗೆ ತೊಡರದಿರಲಿ. ನಾರಾಯಣಾ, ನನ್ನ ಅಮೋಘನ ಆತ್ಮಕ್ಕೆ ಶಾಂತಿ ಕೊಡಪ್ಪಾ.”