ಕುಳ್ಳಾದ ಕಾರು

“ಬೇಡ ಮಾಮ, ಎತ್ಕೋಬೇಡ. ಇನ್ನೊಂದ್ಸಲ ಟ್ರೈ ಮಾಡ್ತೀನಿ.”

ರಂಜಿತ ಹಲ್ಲು ಕಚ್ಚಿ ಎರಡೂ ಕೈಗಳನ್ನು ಹಲಗೆಯ ಮೇಲೆ ಊರಿದಳು. ಹಲಗೆಯ ಒಂದು ತುದಿ ಅವಳ ವೀಲ್‌ಚೇರಿನ ಮೇಲಿತ್ತು, ಇನ್ನೊಂದು ತುದಿ ಕಾರಿನ ಮುಂದಿನ ಸೀಟಿನ ಮೇಲೆ. ಮೈಯನ್ನು ಸ್ವಲ್ಪ ಎತ್ತಿ ಕಾರಿನ ಕಡೆಗೆ ಸರಿದಳು. ಇನ್ನೂ ಸ್ವಲ್ಪ ಸರಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಕೈ ಸೋತಿತು. ಸರ್ರನೆ ಜಾರಿ ಮತ್ತೆ ಕುರ್ಚಿಗೇ ಬಂದು ಬಿದ್ದಳು.

“ಇದು ಹಲಗೆ ಅಲ್ಲ, ಜಾರುಬಂಡೆ ಕಣೇ,” ಎಂದ ಮುರಳಿ ಮಾಮ.

ರಂಜಿತ ನಗಲಿಲ್ಲ.

ಹುಟ್ಟಿದಾಗಿನಿಂದಲೂ ಅವಳ ಕಾಲುಗಳಲ್ಲಿ ಬಲವಿಲ್ಲ. ಆದರೆ ಕೈಗಳಲ್ಲಿ ಚೆನ್ನಾಗಿ ಬಲವಿದೆ. ಮನೆಯ ಅಂಗಳದಲ್ಲಿ, ಸ್ಕೂಲಿನ ವರಾಂಡದಲ್ಲಿ ಚಕ್ರ ತಿರುಗಿಸಿಕೊಂಡು ಒಬ್ಬಳೇ ಓಡಾಡುತ್ತಾಳೆ. ಸ್ಕೂಲಿನಲ್ಲಿ ಮೆಟ್ಟಿಲ ಪಕ್ಕ ಇಳಿಜಾರೂ ಇದೆ. ಆಗದ ಕೆಲಸ ಒಂದೇ, ಕಾರು ಹತ್ತಿ ಇಳಿಯುವುದು.

ಸ್ಕೂಲು ಇರುವುದು ನಂಗಲಿಯಲ್ಲಿ. ಅಮ್ಮನ ತಮ್ಮ ಮುರಳಿಮೋಹನ್ ಅಲ್ಲೇ ಹಾಲಿನ ಡೈರಿಯಲ್ಲಿ ಕೆಲಸ ಮಾಡುತ್ತಾನೆ. ತನ್ನ ಹಳೆಯ ಚಿಕ್ಕ ಕಾರಿನಲ್ಲಿ ದಿನಾ ಅವಳನ್ನು ಕರೆದುಕೊಂಡು ಹೋಗುತ್ತಾನೆ. ಗೇಟಿನ ಮುಂದೆ ಅವಳನ್ನು ಎರಡೂ ಕೈಯಲ್ಲಿ ಎತ್ತಿ ಕುರ್ಚಿಯಲ್ಲಿ ಕೂರಿಸುತ್ತಾನೆ. ನಾಲ್ಕನೇ ಕ್ಲಾಸಿನವರೆಗೂ ರಂಜಿತಳಿಗೆ ಅದು ಏನೂ ಅನ್ನಿಸಿರಲಿಲ್ಲ. ಈಗ ಅವಳು ಐದನೇ ಕ್ಲಾಸು.

ಮೊನ್ನೆ ಶುಕ್ರವಾರ ಗೇಟಿನ ಹತ್ತಿರ ಒಂದನೇ ಕ್ಲಾಸಿನ ಮಗುವೊಂದು ತನ್ನ ಅಮ್ಮನನ್ನು ಜೋರಾಗಿ ಕೇಳಿತು. “ಅಮ್ಮಾ, ಆ ಅಕ್ಕ ಇನ್ನೂ ಪಾಪೂನಾ?”

ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ಯಾರೋ ಕಿಸಕ್ಕನೆ ನಕ್ಕರು. ಮನೆಗೆ ಬಂದವಳೇ ರಂಜಿತ ಅಮ್ಮನಿಗೆ ಹೇಳಿದಳು, “ಸೋಮವಾರದಿಂದ ನಾನು ಸ್ಕೂಲಿಗೆ ಹೋಗಲ್ಲ.”

ಅಮ್ಮ ಶೋಭಾರಾಣಿ ಬೈದಳು, ಆಮೇಲೆ ಮುದ್ದು ಮಾಡಿದಳು. ಎರಡಕ್ಕೂ ರಂಜಿತ ಜಗ್ಗಲಿಲ್ಲ. ಅದಕ್ಕೇ ಮಾಮ ಭಾನುವಾರ ಬೆಳಿಗ್ಗೆ ನುಣ್ಣಗೆ ಉಜ್ಜಿದ ಹಲಗೆ ಹಿಡಿದುಕೊಂಡು ಬಂದಿದ್ದ.

“ಕುರ್ಚಿ ಮೇಲೆ ಎರಡು ದಿಂಬು ಹಾಕ್ರೋ, ಎತ್ತರ ಆಗ್ತದೆ,” ಎಂದಳು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ.

ದಿಂಬು ಹಾಕಿದರು. ರಂಜಿತಳ ಪಾದಗಳು ಗಾಳಿಯಲ್ಲಿ ನೇತಾಡಿದವು. ಅವಳು ಸರಿಯಲು ಹೋದಾಗ ದಿಂಬೇ ಜಾರಿ ಕುರ್ಚಿ ವಾಲಿತು. ಅಮ್ಮ ಓಡಿಬಂದು ಹಿಡಿದುಕೊಂಡಳು.

“ದಿಂಬು ಬೇಡ್ವೇ ಬೇಡ,” ಎಂದಳು ಅಮ್ಮ.

ಮಾಮ ಕುಕ್ಕುರುಗಾಲಲ್ಲಿ ಕೂತು ಕುರ್ಚಿಯನ್ನು ನೋಡಿದ. ಕಾರಿನ ಸೀಟು ನೋಡಿದ. ಆಮೇಲೆ ತಲೆ ಬಗ್ಗಿಸಿ ಕಾರಿನ ಚಕ್ರದ ಹಿಂದೆ ಏನೋ ನೋಡಿದ.

“ಕುರ್ಚಿ ಎತ್ತರ ಆಗಲ್ಲ ಅಂದ್ರೆ ಕಾರೇ ಕುಳ್ಳ ಆಗ್ಬೇಕು,” ಎಂದ.

ಮಧ್ಯಾಹ್ನ ಮಾಮ, ರಂಜಿತ ಇಬ್ಬರೂ ಮುಳಬಾಗಿಲಿಗೆ ಹೋದರು. ಅಲ್ಲಿ ಅಮರನಾಥ್ ಎಂಬ ಮೆಕ್ಯಾನಿಕ್ ಮಾಮನಿಗೆ ಗೊತ್ತು.

“ಕಾರನ್ನ ತಗ್ಗಿಸಿ ಲೋ ಮಾಡ್ಬೇಕಾ? ನೀನೂ ಶುರು ಮಾಡಿದ್ಯಾ?” ಅಮರನಾಥ್ ಮುಖ ಗಂಟಿಕ್ಕಿದ. “ಸ್ಪ್ರಿಂಗ್ ಕಟ್ ಮಾಡ್ಕೊಡಿ ಅಂತ ಕಾಲೇಜು ಹುಡುಗರು ಬರ್ತಾ ಇರ್ತಾರೆ. ನಾನು ಮಾಡಲ್ಲಪ್ಪ. ಕಟ್ ಮಾಡಿದ್ರೆ ಗಾಡಿ ಎಗರಾಡ್ತದೆ, ಡೇಂಜರು.”

ಮಾಮ ಕಾರಿನ ಹಿಂದಿನ ಬಾಗಿಲು ತೆರೆದ. ಹಿಂದಿನ ಸೀಟಿನಿಂದ ಮಡಚಿದ ವೀಲ್‌ಚೇರ್ ತೆಗೆದು ಬಿಡಿಸಿಟ್ಟ. ಹಲಗೆ ಹಾಕಿ ತೋರಿಸಿದ. ಹಲಗೆ ಕಾರಿನ ಕಡೆಗೆ ಏರಿಕೊಂಡು ನಿಂತಿತ್ತು.

ಅಮರನಾಥ್ ಹಲಗೆ ನೋಡಿದ, ಕಾರಿನೊಳಗೆ ಕೂತಿದ್ದ ರಂಜಿತಳನ್ನು ನೋಡಿದ. ಅವನ ಮುಖದ ಗಂಟು ಬಿಚ್ಚಿತು.

“ಗಿಡ್ಡ ಸ್ಪ್ರಿಂಗ್ ಅಂತಾನೇ ಸಿಗ್ತವೆ, ತರಿಸ್ತೀನಿ. ಅದಕ್ಕೆ ಹೊಂದೋ ಶಾಕ್ ಅಬ್ಸಾರ್ಬರೂ ಹಾಕೋಣ. ಆಗ ಕಾರು ಸರಿಯಾಗೇ ಓಡ್ತದೆ,” ಎಂದ. ಆಮೇಲೆ ಮಾಮನ ಕಡೆ ತಿರುಗಿದ. “ಆದ್ರೆ ಮುರಳಿ, ಹಂಪ್ ಬಂದಾಗ ಹುಷಾರು. ಅಡಿ ತಾಗ್ತದೆ. ನಿಮ್ಮ ಕಡೆ ರೋಡು ಗೊತ್ತಲ್ಲ.”

“ನಿಧಾನಕ್ಕೆ ಹೋಗ್ತೀನಿ ಬಿಡಣ್ಣ.”

ಸ್ಪ್ರಿಂಗ್ ಬರಲು ಒಂದು ವಾರ ಬೇಕಿತ್ತು. ಆ ವಾರವೆಲ್ಲ ಮಾಮ ಬೇಗ ಎದ್ದು ಬಂದ. ಗೇಟಿನ ಹತ್ತಿರ ಯಾರೂ ಇಲ್ಲದಾಗಲೇ ರಂಜಿತಳನ್ನು ಇಳಿಸಿ, ಡೈರಿ ಬಾಗಿಲು ತೆರೆಯುವವರೆಗೂ ಹೊರಗೆ ಕಾಯುತ್ತಾ ನಿಂತ.

ಮುಂದಿನ ಭಾನುವಾರ ಕಾರು ಅಂಗಳಕ್ಕೆ ಬಂದಾಗ ಅಜ್ಜಿ ಕಣ್ಣರಳಿಸಿದಳು. “ಇದೇನೋ, ಕಾರು ಕೂತ್ಕೊಂಡ್ಬಿಟ್ಟಿದೆ?”

ನಿಜವಾಗಿಯೂ ಕಾರು ಕೋಳಿ ಕಾವಿಗೆ ಕೂತ ಹಾಗೆ ಕಾಣುತ್ತಿತ್ತು. ಮಾಮ ಹಲಗೆ ಹಾಕಿದ. ಈ ಸಲ ಹಲಗೆ ಏರಿಲ್ಲದೆ ಸಮವಾಗಿ ಮಲಗಿತು.

ರಂಜಿತ ಕೈ ಊರಿದಳು. ಸರಿದಳು. ಸ್ವಲ್ಪ ನಿಂತು ಉಸಿರು ತೆಗೆದುಕೊಂಡಳು. ಮತ್ತೆ ಸರಿದಳು. ಬೆನ್ನಿಗೆ ಸೀಟು ತಾಗಿತು. ಎರಡೂ ಕೈಗಳಿಂದ ಒಂದೊಂದೇ ಕಾಲನ್ನು ಎತ್ತಿ ಒಳಗಿಟ್ಟುಕೊಂಡಳು. ಮಾಮ ಹಲಗೆ, ಕುರ್ಚಿ ಸರಿಸಿದ ಮೇಲೆ ಬಾಗಿಲನ್ನೂ ಅವಳೇ ಎಳೆದು ಹಾಕಿದಳು.

ಯಾರೂ ಅವಳನ್ನು ಮುಟ್ಟಿರಲಿಲ್ಲ. ಹಿಡಿಯಲೆಂದು ಕೈ ಚಾಚಿ ನಿಂತಿದ್ದ ಅಮ್ಮ ಆ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಸೆರಗಿಗೆ ಒರೆಸಿಕೊಂಡಳು.

“ಇಳೀತೀನಿ, ನೋಡಿ,” ಎಂದಳು ರಂಜಿತ. ಇಳಿದಳು. ಮತ್ತೆ ಹತ್ತಿದಳು. ಊಟಕ್ಕೆ ಕರೆಯುವವರೆಗೂ ಹತ್ತುತ್ತಾ ಇಳಿಯುತ್ತಾ ಇದ್ದಳು.

ಸೋಮವಾರ ಬೆಳಿಗ್ಗೆ ಗೇಟಿನ ಮುಂದೆ ಎಂದಿನಂತೆ ಗದ್ದಲವಿತ್ತು. ಮಾಮ ಕುರ್ಚಿ, ಹಲಗೆ ಇಟ್ಟು ದೂರ ಹೋಗಿ ಫೋನ್ ನೋಡುತ್ತಾ ನಿಂತುಕೊಂಡ. ರಂಜಿತ ಸರಿದು ಕುರ್ಚಿಯಲ್ಲಿ ಕೂತಳು. ಮಕ್ಕಳು ಪಕ್ಕದಲ್ಲೇ ಓಡಿಹೋದರು. ಯಾರೂ ನಿಂತು ನೋಡಲಿಲ್ಲ.

ಅವಳ ಕ್ಲಾಸಿನ ಗಂಗಾಲಕ್ಷ್ಮಿ ಬ್ಯಾಗ್ ಕುಣಿಸುತ್ತಾ ಬಂದಳು. “ಬಂದ್ಯಾ? ಕೊನೇ ಲೆಕ್ಕ ಬಂತೇನೇ ನಿಂಗೆ? ನಂಗೆ ಬರ್ಲೇ ಇಲ್ಲ ಕಣೇ. ಬೇಗ ಬಾ, ಬೆಲ್ ಹೊಡೀತಾರೆ.”

ಅಷ್ಟೇ. ಬೇರೆ ಮಾತೇ ಇಲ್ಲ. ರಂಜಿತಳಿಗೆ ಕುಣಿಯುವಷ್ಟು ಖುಷಿಯಾಯಿತು.

ಆದರೆ ಸಂಜೆ ಮನೆಗೆ ಹೋಗುವಾಗ ಅಮರನಾಥ್ ಹೇಳಿದ್ದೇ ಆಯಿತು. ಊರ ಕಡೆ ತಿರುಗುವ ರಸ್ತೆಯಲ್ಲಿ ಮುನಿರಾಮಪ್ಪನ ಟೀ ಅಂಗಡಿ ಇದೆ, ಅದರ ಮುಂದೆ ದೊಡ್ಡ ಹಂಪ್. ಮಾಮ ಎಷ್ಟು ನಿಧಾನಕ್ಕೆ ಹತ್ತಿಸಿದರೂ ಕಾರಿನ ಅಡಿ ‘ಕರ್ರ್’ ಎಂದು ಉಜ್ಜಿತು.

ಟೀ ಕುಡಿಯುತ್ತಿದ್ದವರೆಲ್ಲ ತಿರುಗಿದರು.

“ಏಮಪ್ಪಾ ಮುರಳಿ,” ಮುನಿರಾಮಪ್ಪ ಕೂಗಿದ, “ಕಾರಿಗೂ ಮಂಡಿ ನೋವಾ? ಎದ್ದೇಳೋಕೇ ಆಗ್ತಿಲ್ಲ?”

“ಶೋಕಿ ತಾತ, ಶೋಕಿ,” ಎಂದ ಬೆಂಚಿನ ಮೇಲಿದ್ದವನೊಬ್ಬ. “ಹಳೇ ಡಬ್ಬಕ್ಕೆ ರೇಸ್ ಕಾರ್ ವೇಷ.”

ಎಲ್ಲರೂ ನಕ್ಕರು. ಮಾಮನೂ ನಕ್ಕು, “ಹೂಂ ತಾತ, ಏನೋ ಒಂದು ಆಸೆ,” ಎಂದು ಮುಂದೆ ಹೋದ.

ಮಂಗಳವಾರವೂ ಹಾಗೇ ಆಯಿತು, ಬುಧವಾರವೂ ಹಾಗೇ. ದಿನಕ್ಕೊಂದು ಹೊಸ ಮಾತು. ಬುಧವಾರ ರಂಜಿತಳಿಗೆ ತಡೆಯಲಾಗಲಿಲ್ಲ.

“ಮಾಮ, ಯಾಕೆ ಸುಮ್ನಿರ್ತೀಯ? ಹೇಳ್ಬಿಡು ಅವ್ರಿಗೆ.”

“ಏನಂತ ಹೇಳ್ಲಿ?”

“ಶೋಕಿಗಲ್ಲ, ನಮ್ಮ ರಂಜಿತಾಗೆ...” ಎಂದು ಶುರು ಮಾಡಿದವಳು ಅಲ್ಲಿಗೇ ನಿಂತಳು.

ಆ ಮಾತು ಮುಗಿದರೆ ಏನಾಗುತ್ತದೆ ಎಂದು ಅವಳ ಕಣ್ಣಿಗೆ ಕಟ್ಟಿತು. ನಗು ನಿಲ್ಲುತ್ತದೆ. ಟೀ ಗ್ಲಾಸು ಕೆಳಗಿಟ್ಟು ಒಬ್ಬೊಬ್ಬರೇ ಕಿಟಕಿಯ ಹತ್ತಿರ ಬರುತ್ತಾರೆ. ಬಗ್ಗಿ ಅವಳ ಕಾಲು ನೋಡುತ್ತಾರೆ. ‘ಅಯ್ಯೋ ಪಾಪ’ ಎನ್ನುತ್ತಾರೆ. ಆಮೇಲೆ ದಿನಾ ಎನ್ನುತ್ತಾರೆ. ಈಗಲಾದರೆ ಅವರಿಗೆ ಕಾಣುವುದು ಮುರಳಿಯ ಪಕ್ಕ ಎರಡು ಜಡೆ ಹಾಕಿಕೊಂಡು ಕೂತ ಒಬ್ಬ ಹುಡುಗಿ ಅಷ್ಟೇ.

ಅವಳು ಮಾಮನ ಮುಖ ನೋಡಿದಳು. ಮಾಮ ರಸ್ತೆ ನೋಡುತ್ತಿದ್ದ.

ಮನೆಯ ಮುಂದೆ ಇಳಿಯುವಾಗ ರಂಜಿತ, “ಥ್ಯಾಂಕ್ಸ್ ಮಾಮ,” ಎಂದಳು.

“ಯಾತಕ್ಕೇ?”

“ಸುಮ್ನೆ.”

ಗುರುವಾರ ಸಂಜೆ ಟೀ ಅಂಗಡಿ ಹತ್ತಿರ ಬಂತು. ಮುನಿರಾಮಪ್ಪ ಸೋಸುವ ಬಟ್ಟೆ ಹಿಂಡುತ್ತಾ ಆಗಲೇ ನಗುತ್ತಿದ್ದ. ರಂಜಿತ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ ತಲೆ ಹೊರಗೆ ಹಾಕಿದಳು.

“ತಾತ, ಲೋ ಮಾಡ್ಸು ಅಂತ ಮಾಮನಿಗೆ ಹೇಳಿದ್ದೇ ನಾನು. ಸ್ಟೈಲಾಗಿದೆ ಅಲ್ವಾ?”

ಮುನಿರಾಮಪ್ಪ ಹೊಟ್ಟೆ ಕುಲುಕಿಸಿ ನಕ್ಕ. “ಓಹೋ, ಶೋಕಿ ನಿಂದಾ? ಅಕ್ಕನ ಮಗಳು ಹೇಳಿದ್ಮೇಲೆ ಇವನು ಕೇಳ್ದೆ ಇರ್ತಾನಾ ಮತ್ತೆ.”

ಮಾಮ ತಿರುಗಿ ಅವಳನ್ನು ನೋಡಿದ. ಸ್ಟೇರಿಂಗನ್ನು ಪಕ್ಕಕ್ಕೆ ತಿರುಗಿಸಿ, ಕಾರನ್ನು ಓರೆಯಾಗಿ, ಇರುವೆಯ ಹಾಗೆ ನಿಧಾನವಾಗಿ ಹಂಪಿನ ಮೇಲೆ ಹತ್ತಿಸಿದ. ರಂಜಿತ ಉಸಿರು ಬಿಗಿಹಿಡಿದಳು. ಒಂದು ಚಕ್ರ ದಾಟಿತು. ಇನ್ನೊಂದು ದಾಟಿತು. ಹಿಂದಿನವೂ ಮೆತ್ತಗೆ ಇಳಿದವು.

“ತಾಗ್ಲಿಲ್ಲ,” ಎಂದಳು ಅವಳು ಪಿಸುದನಿಯಲ್ಲಿ.

“ತಾಗ್ಲಿಲ್ಲ,” ಎಂದ ಮಾಮ.