ಸಮಾಧಾನಕ್ಕ ಹೂಡಿದ ಜಗಳ

ಮೂರನೇ ಸಲವೂ ಅವಳನ್ನು ಕೈಬಿಟ್ಟ ಕಾರಣವನ್ನು ಆಯ್ಕೆ ಸಮಿತಿಯ ಹೆಂಗಸು ಫೋನಿನಲ್ಲಿ ಬಹಳ ಮೃದುವಾಗಿಯೇ ಹೇಳಿದ್ದಳು. "ನಿಮ್ಮ ಕೆಲಸದ ಬಗ್ಗೆ ಎರಡು ಮಾತಿಲ್ಲ. ಆದ್ರೆ ನೀವಿರೋ ಕಡೆ ಈಗ ಸಂಘರ್ಷವೇ ಇಲ್ವಲ್ಲ. ನಮ್ಮ ಫೆಲೋಶಿಪ್ಪು ಸಂಘರ್ಷದ ಮಧ್ಯೆ ನಿಂತು ಶಾಂತಿ ಕಟ್ಟೋ ಯುವಜನರಿಗೆ."

ಇಲ್ಲ, ನಿಜ. ಇಲ್ಲದ ಹಾಗೆ ಮಾಡಿದ್ದು ಯಾರು? ನೆಲೆ ಕಳೆದುಕೊಂಡು ಬಂದ ಎರಡು ಕಡೆಯ ಜನ ಆ ವಸತಿಯಲ್ಲಿ ಮೇಲಿನ ಸಾಲು, ಕೆಳಗಿನ ಸಾಲು ಎಂದು ಕತ್ತಿ ಮಸೆಯುತ್ತಿದ್ದಾಗ ಮನೆಮನೆ ಹೊಕ್ಕು, ಬೈಸಿಕೊಂಡು, ಒಮ್ಮೆ ಕಲ್ಲೇಟನ್ನೂ ತಿಂದು ಅವರನ್ನು ಒಂದೇ ಚಾಪೆಯ ಮೇಲೆ ಕೂರಿಸಿದವಳು ಅವಳು. ಜನ ಅವಳ ಹೆಸರನ್ನೇ ಮರೆತು ಸಮಾಧಾನಕ್ಕ ಎನ್ನತೊಡಗಿದ್ದರು. ಅವಳ ಕೈಕೆಳಗೆ ಪಳಗಿದ ಕಿರಿಯ ಸಹೋದ್ಯೋಗಿಯೊಬ್ಬ ಗುಂಡಿನ ಸದ್ದು ಕೇಳುವ ಊರಿಗೆ ವರ್ಗವಾಗಿ, ವರ್ಷ ತಿರುಗುವುದರೊಳಗೆ ಅದೇ ಫೆಲೋಶಿಪ್ ಹಿಡಿದು ವಿಮಾನ ಹತ್ತಿದ್ದ. ಓದು, ಊಟ, ವಸತಿ, ಎಲ್ಲ ಖರ್ಚೂ ಅವರದೇ.

ಈಗ ಅವಳ ಕಚೇರಿಗೂ ಬೀಗ ಬೀಳುವುದಿತ್ತು. ಶಾಂತಿ ನೆಲೆಸಿದ ಜಾಗಕ್ಕೆ ಕಚೇರಿ ಯಾಕೆ ಎಂದು ಸಂಸ್ಥೆಯ ದೊಡ್ಡವರು ತೀರ್ಮಾನಿಸಿದ್ದರು. ಸುದ್ದಿ ಹೇಗೋ ಅಣ್ಣನ ಕಿವಿ ಮುಟ್ಟಿತು.

"ಸಾಕು ಬಿಡೇ, ಲೋಕ ಉದ್ಧಾರ ಮಾಡಿದ್ದು. ಮನೆಗೆ ಬಾ. ನಿನ್ನ ಅತ್ತಿಗೆಗೂ ಒಂದು ಕೈ ಆಸರೆಯಾಗತ್ತೆ."

ಅತ್ತಿಗೆಯ ಅಡುಗೆಮನೆ ಅವಳಿಗೆ ಹೊಸದಲ್ಲ. ಕೆಲಸ ಸಿಗುವ ಮುಂಚೆ ಅಲ್ಲಿದ್ದ ದಿನಗಳಲ್ಲಿ ಎರಡನೇ ಸಲ ಬಡಿಸಿಕೊಳ್ಳುವಾಗ ಅವಳ ಕೈ ತಾನಾಗಿ ಹಿಂದೆ ಸರಿಯುತ್ತಿತ್ತು. ಮತ್ತೆ ಅಲ್ಲಿಗೆ ಹೋಗುವುದಕ್ಕಿಂತ ಏನಾದರೂ ಸರಿ. ಮುಂದಿನ ವರ್ಷಕ್ಕೆ ಫೆಲೋಶಿಪ್ಪಿನ ವಯಸ್ಸು ಮೀರುತ್ತಿತ್ತು. ಇದೇ ಕೊನೆಯ ಸಲ, ಮತ್ತು ಈ ಸಲ ಸಮಿತಿಯ ಆ ಹೆಂಗಸು ಖುದ್ದಾಗಿ ನೋಡಲು ಬರುವವಳಿದ್ದಳು.

ಸಂಘರ್ಷ ಬೇಕಿತ್ತು. ಸಣ್ಣದು, ಹದವಾದದ್ದು, ಬೇಕೆಂದಾಗ ಆರಿಸಬಹುದಾದದ್ದು.

ಎರಡೂ ಸಾಲಿಗೆ ನೀರು ಒಂದೇ ಟ್ಯಾಂಕಿನಿಂದ. ಅದರ ಅಂಗಳದಲ್ಲಿ ಸಾಲಿಗೊಂದು ನಲ್ಲಿ. ಟ್ಯಾಂಕಿನ ಹಿಂದೆ, ಚಪ್ಪಡಿ ಮುಚ್ಚಿದ ಗುಂಡಿಯೊಳಗೆ ಕೆಳಗಿನ ಸಾಲಿನ ವಾಲ್ವು. ಅದನ್ನು ಪೂರ್ತಿ ಮುಚ್ಚಿದರೆ ರಿಪೇರಿಯವನು ಬೆಳಗ್ಗೆಯೇ ಓಡಿ ಬರುತ್ತಾನೆ, ಗುಟ್ಟು ರಟ್ಟಾಗುತ್ತದೆ. ಅದಕ್ಕೇ ನೂಲಿನೆಳೆಯಷ್ಟು ಧಾರೆ ಉಳಿಸಿದಳು. ಬೆಳಕು ಹರಿಯುವ ಮುಂಚೆ ತಿರುಗಿಸುವುದು, ಜನ ಕೆಲಸಕ್ಕೆ ಹೋದ ಮೇಲೆ ಸಡಿಲಿಸುವುದು. ಮಧ್ಯಾಹ್ನ ಬಂದ ರಿಪೇರಿಯವನು ಧೋ ಎಂದು ಸುರಿಯುವ ನೀರು ನೋಡಿ, ಕರೆಸಿದವರನ್ನೇ ಬೈದುಕೊಂಡು ಹೋದ. ಬೆಳಗ್ಗೆ ಮಾತ್ರ ಕೆಳಗಿನವರ ಬಿಂದಿಗೆ ಅರ್ಧ ತುಂಬುವಷ್ಟರಲ್ಲಿ ಮೇಲಿನವರು ಬಟ್ಟೆ ಒಗೆದು ಹರವಿಯೂ ಆಗಿರುತ್ತಿತ್ತು.

ಉಳಿದದ್ದಕ್ಕೆ ಸುಳ್ಳು ಹೇಳುವ ಅಗತ್ಯವೂ ಬೀಳಲಿಲ್ಲ. ಕೆಳಗಿನ ಸಾಲಿನ ದರ್ಜಿಯ ಬಳಿ ನಿಂತು, "ಇದು ಮೇಲಿನವರ ಕೆಲಸ ಅಂತ ಮಾತ್ರ ಅನ್ಕೋಬೇಡಿ," ಎಂದಳು. ಅವನು ಅಲ್ಲಿಯವರೆಗೆ ಹಾಗೆ ಅಂದುಕೊಂಡೇ ಇರಲಿಲ್ಲ. ಹೊಲಿಗೆ ಯಂತ್ರದ ಚಕ್ರ ತಟ್ಟನೆ ನಿಂತಿತು. ಮೇಲಿನ ಸಾಲಿನ ಬಡಗಿಗೆ, "ಕೆಳಗಿನವರು ಏನೇನೋ ಆಡ್ಕೋತಿದಾರೆ, ನೀವು ಮನಸ್ಸಿಗೆ ಹಚ್ಕೋಬೇಡಿ," ಎಂದಳು. ಅವನು ಹಚ್ಚಿಕೊಂಡ. ವರ್ಷಗಟ್ಟಲೆ ಜನರ ಸಿಟ್ಟು ಇಳಿಸಿದವಳಿಗೆ ಅದು ಯಾವ ಮೆಟ್ಟಿಲು ಹತ್ತಿ ಬರುತ್ತದೆ ಎಂದು ಗೊತ್ತಿರದೆ ಇರುತ್ತದೆಯೇ?

ಕೆಳಗಿನವರು ಮೇಲಿನವರ ನಲ್ಲಿಗೆ ಬಿಂದಿಗೆ ಇಟ್ಟ ದಿನ ನೂಕಾಟವೇ ಆಯಿತು. ದರ್ಜಿಯ ತಾಯಿ ಬಿದ್ದು ಮಣಿಕಟ್ಟು ಊದಿಕೊಂಡಿತು. ಪಟ್ಟಿ ಕಟ್ಟುತ್ತಿದ್ದ ಸಮಾಧಾನಕ್ಕನ ಕೆನ್ನೆ ಸವರಿ ಮುದುಕಿ, "ನೀನಿದೀಯಲ್ಲ ಮಗಳೇ, ನಮಗೇನು ಭಯ," ಎಂದಳು.

ಅವಳಿಗೆ ಈಗಲೇ ಓಡಿಹೋಗಿ ವಾಲ್ವು ತೆರೆದುಬಿಡಲೇ ಎನಿಸಿತು. ಅಷ್ಟರಲ್ಲಿ ಅತ್ತಿಗೆಯ ಅಡುಗೆಮನೆ ಕಣ್ಣಮುಂದೆ ಬಂತು. ಅದರ ಬೆನ್ನಿಗೇ ಇನ್ನೊಂದು ಯೋಚನೆ: ಬರುವವಳಿಗೆ ಈ ಪಟ್ಟಿ ಕಂಡರೆ ಒಳ್ಳೆಯದೇ. ತನ್ನ ಮನಸ್ಸಿಗೆ ತಾನೇ ಹೆದರಿ ಗಂಟನ್ನು ಬಿಗಿಯಾಗಿ ಎಳೆದಳು. ಮುದುಕಿ ಅಯ್ಯೋ ಎಂದಳು.

ಸಮಿತಿಯ ಅತಿಥಿ ಬರುವ ದಿನ ಬೆಳಗಿನ ಜಾವ ಕೊನೆಯ ಸಲ ವಾಲ್ವು ತಿರುಗಿಸಿ ಬಂದಳು. ಮುಂದಿನದೆಲ್ಲ ಬಾಯಿಪಾಠವಾಗಿತ್ತು. ನೀರು ಹಿಡಿಯುವ ಹೊತ್ತಿಗೆ ಸರಿಯಾಗಿ ಅತಿಥಿಯನ್ನು ಅಂಗಳಕ್ಕೆ ಕರೆತರುವುದು. ಕೂಗಾಟ ತಾರಕಕ್ಕೇರಿದಾಗ ನಡುವೆ ಹೋಗಿ ನಿಲ್ಲುವುದು. ಮೊದಲು ದರ್ಜಿಯ ಮಾತು, ಆಮೇಲೆ ಬಡಗಿಯದು, ಸರದಿಯ ಏರ್ಪಾಟು, ಕೈಗೆ ಕೈ. ಎಲ್ಲಿ ಒಂದು ಗಳಿಗೆ ಸುಮ್ಮನಿರಬೇಕು ಎಂಬುದನ್ನೂ ಕನ್ನಡಿಯ ಮುಂದೆ ನಿಂತು ನೋಡಿಕೊಂಡಿದ್ದಳು.

ಅತಿಥಿಯೊಡನೆ ಗೇಟಿನಿಂದ ನಡೆದು ಬರುವಾಗ ಕಿವಿ ನಿಮಿರಿಸಿದಳು. ಕೂಗಿಲ್ಲ. ತಿರುವು ದಾಟಿದರೆ, ಎರಡೂ ನಲ್ಲಿ ಭರ್ತಿ ಸುರಿಯುತ್ತಿದ್ದವು. ಯಾವ ಬಿಂದಿಗೆ ಯಾವ ಸಾಲಿನದೆಂದು ಹೇಳಲಾಗದ ಹಾಗೆ ಎಲ್ಲ ಬೆರೆತು ನಿಂತಿದ್ದವು. ಬಡಗಿ ಮುದುಕಿಯ ಬಿಂದಿಗೆ ಎತ್ತಿಕೊಡುತ್ತಿದ್ದ.

"ನೀರಿನ ವಿಷಯಕ್ಕೆ ಇಲ್ಲಿ ಸ್ವಲ್ಪ ಮನಸ್ತಾಪ ಇದೆ ಮೇಡಂ," ಎಂದಳು. ದರ್ಜಿಯತ್ತ ತಿರುಗಿದಳು. "ಅಲ್ವೇನ್ರೀ?"

ದರ್ಜಿ ಬಡಗಿಯ ಮುಖ ನೋಡಿದ. "ಮನಸ್ತಾಪಾನಾ? ಅಂಥದ್ದೇನೂ ಇಲ್ವಲ್ಲ."

"ಮತ್ತೆ ಅಮ್ಮನ ಕೈ?" ಬೇಡುವ ಹಾಗಿತ್ತು ಅವಳ ಮಾತು.

"ಕಾಲು ಜಾರಿ ಬಿದ್ದೆ ಮಗಳೇ. ವಯಸ್ಸಾಯ್ತಲ್ಲ," ಎಂದಳು ಮುದುಕಿ.

ಅತಿಥಿ ಸುತ್ತ ಕಣ್ಣಾಡಿಸಿ ಮುಗುಳ್ನಕ್ಕಳು. "ಎಷ್ಟು ಚೆನ್ನಾಗಿ ಕೆಲಸ ಮಾಡಿದೀರಿ! ಇಲ್ಲಿ ಇನ್ನು ಮಾಡೋಕೆ ಏನೂ ಉಳಿದಿಲ್ಲ," ಎಂದು ಅವಳ ಕೈ ಕುಲುಕಿ ಹೊರಟುಹೋದಳು.

ಕಾರಿನ ಸದ್ದು ಅಡಗಿದ ಮೇಲೆ ದರ್ಜಿ ಹತ್ತಿರ ಬಂದ. ಅವನ ಹಿಂದೆಯೇ ಬಡಗಿ. "ಅಕ್ಕ, ಅನುಮಾನ ಬಂದ್ರೆ ಆ ಕಡೆಯವನೊಬ್ಬ ಈ ಕಡೆಯವನೊಬ್ಬ ಜೊತೇಲೇ ಹೋಗಿ ಕಣ್ಣಾರೆ ನೋಡ್ಬೇಕು ಅಂತ ನೀವೇ ಹೇಳಿಕೊಟ್ಟಿದ್ರಲ್ಲ," ಎಂದ ದರ್ಜಿ, ತೀರ ಮೆಲ್ಲಗೆ. "ಇವತ್ತು ಬೆಳಗಿನ ಜಾವ ನಾವಿಬ್ರೂ ಟ್ಯಾಂಕಿನ ಪಕ್ಕದಲ್ಲೇ ಕೂತಿದ್ವಿ. ನೀವು ಹೋದ್ಮೇಲೆ ವಾಲ್ವು ತೆರೆದ್ವಿ." ಬಡಗಿ ನೆಲ ನೋಡುತ್ತಲೇ, "ಹೊರಗಿನವರ ಮುಂದೆ ನಿಮ್ಮ ಮರ್ಯಾದೆ ಹೋಗಬಾರದು ಅಂತ ಎರಡೂ ಸಾಲಿನವರು ಕೂತು ಮಾತಾಡ್ಕೊಂಡ್ವಿ," ಎಂದ. ಯಾರು ಯಾವ ಮಾತಿಗೆ ಎಷ್ಟು ಕೆರಳುತ್ತಾರೆ ಎಂದು ಕೂದಲೆಳೆಯಷ್ಟೂ ತಪ್ಪದೆ ಲೆಕ್ಕ ಹಾಕಿದ್ದವಳು, ತಾನು ಕಲಿಸಿದ್ದನ್ನು ಅವರು ನಿಜವಾಗಿ ಕಲಿತಿದ್ದರು ಎಂಬುದೊಂದನ್ನು ಮಾತ್ರ ಲೆಕ್ಕಕ್ಕೇ ಹಿಡಿದಿರಲಿಲ್ಲ.